ವಾರಕ್ಕೊಂದು ಸಲ ಲೋಕ ಮುಳುಗಿಸುತ್ತಿದ್ದ ನಮ್ಮತ್ತೆ

ಲೋಕ ಯಾವಾಗ ಮುಳುಗುತ್ತದೋ ಎಂದು ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದ್ದ ಹೆಂಗಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮ ಸೋದರತ್ತೆ! ಪ್ರಳಯ ಎಂದರೆ ಉಳಿದವರಿಗೆ ಎದೆ ಝಲ್ಲೆನ್ನುತ್ತದೆ. ನಮ್ಮತ್ತೆಗೆ ಹೋಳಿಗೆ ಬಡಿಸಿದಷ್ಟು ಸಂತೋಷ. ಹಾಗೆಂದು ಅವಳಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಹುಚ್ಚೆಲ್ಲ ಪುಸ್ತಕದ್ದು. ಆಕಾಶದಿಂದ ಬೆಂಕಿ ಸುರಿಯಬೇಕು, ಇಲ್ಲ ಸಮುದ್ರ ಊರೊಳಕ್ಕೆ ನುಗ್ಗಬೇಕು, ಅದೂ ಇಲ್ಲದಿದ್ದರೆ ಬಾಂಬು ಬಿದ್ದು ಪಟ್ಟಣಗಳೆಲ್ಲ ಬೂದಿಯಾಗಿ ಬೆರಳೆಣಿಕೆಯ ಜನ ಉಳಿಯಬೇಕು. ಅಂಥ ಕಾದಂಬರಿಯಾದರೆ ಮಾತ್ರ ಅವಳು ಕೈಗೆತ್ತಿಕೊಳ್ಳುತ್ತಿದ್ದಳು.

ಇದು ಎಪ್ಪತ್ತರ ದಶಕದ ಮಾತು. ಅತ್ತೆಯ ಮನೆ ಬೆಳಕವಾಡಿಯಲ್ಲಿ. ಅವಳಿಗೆ ಮಕ್ಕಳಿರಲಿಲ್ಲ, ಸೋಮನಹಳ್ಳಿಯ ನಮ್ಮ ಮನೆಯಲ್ಲಿ ಬೇಕಾದಷ್ಟಿದ್ದೆವು. ಅದಕ್ಕೇ ಅಪ್ಪ ನನ್ನನ್ನು ಅಲ್ಲಿ ಓದಲು ಬಿಟ್ಟಿದ್ದರು. ಮಾವ ಕಬ್ಬು, ಭತ್ತ ಬೆಳೆಯುವ ತಣ್ಣಗಿನ ಮನುಷ್ಯ. ಅತ್ತೆ ಪುಸ್ತಕ ಮುಚ್ಚಿ, "ಇನ್ನು ಈ ಲೋಕ ಬಾಳ ದಿನ ಇರಲ್ಲ" ಎಂದರೆ ಮಾವ ಹೆಗಲ ಮೇಲಿನ ಟವಲ್ಲು ಸರಿಪಡಿಸಿಕೊಂಡು, "ಯಾವತ್ತು ಅಂತ ಒಸಿ ಮುಂಚೆ ಹೇಳು. ಕಬ್ಬಿಗೆ ನೀರು ಕಟ್ಟದೋ ಬೇಡ್ವೋ ನೋಡ್ತೀನಿ" ಎನ್ನುತ್ತಿದ್ದರು.

ವಾರಕ್ಕೊಮ್ಮೆ ಅತ್ತೆ ಬಸ್ಸು ಹತ್ತಿ ಮಳವಳ್ಳಿಯ ಲೈಬ್ರರಿಗೆ ಹೋಗುತ್ತಿದ್ದಳು. ಹಿಂದೆ ಚೀಲ ಹಿಡಿದು ನಾನು. ಸೆರಗು ಬಿಗಿದ ಒಕ್ಕಲಗಿತ್ತಿಯೊಬ್ಬಳು ಕಪಾಟುಗಳ ನಡುವೆ ಬದನೆಕಾಯಿ ಆರಿಸುವ ಹಾಗೆ ಪುಸ್ತಕ ತಿರುವಿ ನೋಡುತ್ತಿದ್ದರೆ ಪತ್ರಿಕೆ ಓದುವವರೆಲ್ಲ ಕನ್ನಡಕ ಕೆಳಗಿಳಿಸಿ ನೋಡುತ್ತಿದ್ದರು. ಲೈಬ್ರರಿಯವರಿಗೆ ಮಾತ್ರ ಅವಳ ರುಚಿ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಅವರು ಕೈ ಚೆಲ್ಲಿಬಿಟ್ಟರು.

"ಲೋಕ ಮುಳುಗೋದು ಯಾವುದೂ ಉಳಿದಿಲ್ಲ ಕಣಮ್ಮ. ಎಲ್ಲಾ ನೀವೇ ಮುಗಿಸಿದ್ದೀರಿ. ಒಂದು ಕೊಲೆ ಕತೆ ಬಂದಿದೆ, ಕೊಡ್ಲಾ?"

ಅತ್ತೆ ಅವರನ್ನು ಮರುಕದಿಂದ ನೋಡಿದಳು. "ಒಂದೇ ಒಂದು ಕೊಲೆಯಾ? ಅದು ಯಾವ ಮೂಲೆಗಾದದು ಸ್ವಾಮಿ?"

ಇಷ್ಟು ಓದಿದವಳು ಸುಮ್ಮನಿರುತ್ತಾಳೆಯೇ? ಊರಿನ ಜನರನ್ನು ಅಳೆಯುವ ಅವಳ ಅಳತೆಗೋಲೇ ಬದಲಾಯಿತು. ಜಾತಿ, ಜಮೀನು, ಓದು ಯಾವುದೂ ಲೆಕ್ಕಕ್ಕಿಲ್ಲ. ಪ್ರಳಯವಾದ ಮೇಲೆ ಈ ಮನುಷ್ಯ ಉಪಯೋಗಕ್ಕೆ ಬರುತ್ತಾನೋ ಇಲ್ಲವೋ, ಅಷ್ಟೇ. ಕಮ್ಮಾರನಿಗೆ ಮೊದಲ ಜಾಗ. ಸೂಲಗಿತ್ತಿಗೆ ಎರಡನೆಯದು. ಊರ ಪಟೇಲರು ಬಾಗಿಲಲ್ಲಿ ಹಾದುಹೋದರೆ, "ಪಾಪ, ಒಳ್ಳೇ ಮನುಸ. ಆದ್ರೆ ಒಲೆ ಊದೋಕೂ ಬರಲ್ಲ. ಉಳಿಯಾಕಿಲ್ಲ ಕಣವ್ವ" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಆ ಪಟೇಲರು ಆಮೇಲೆ ಎಷ್ಟು ಕಾಲ ಗಟ್ಟಿಮುಟ್ಟಾಗಿ ಬದುಕಿದರೆಂದರೆ, ಅತ್ತೆ ಅದನ್ನು ತನಗಾದ ಅವಮಾನ ಎಂದೇ ತಿಳಿದಿದ್ದಳು.

ಅಟ್ಟದ ಮೇಲೆ ಅವಳ ದಾಸ್ತಾನು. ಒಣಗಿಸಿದ ಅವರೆಕಾಳು, ಬಾಳಕದ ಮೆಣಸಿನಕಾಯಿ, ಸಂಡಿಗೆ, ಬೂದಿ ಬೆರೆಸಿಟ್ಟ ಬಿತ್ತನೆ ಬೀಜ. ಲೋಕವೆಲ್ಲ ನಾಶವಾದರೂ ಬೆಳಕವಾಡಿಯಲ್ಲಿ ಮಾತ್ರ ಸಾರಿಗೆ ಕೊರತೆಯಾಗಬಾರದು! ಆದರೆ ಆ ದಾಸ್ತಾನು ಒಂದು ತಿಂಗಳಾದರೂ ನಿಂತರೆ ಕೇಳಿ. ಬಾಣಂತಿ ಇರುವ ಮನೆಯವರು ಬಂದರೆ ಒಂದು ಮೊರ, ಮಳೆಯಲ್ಲಿ ಕೂಲಿ ಸಿಗದವರು ಬಂದರೆ ಇನ್ನೊಂದು. "ಪ್ರಳಯಕ್ಕೆ ಅಂತ ಮಡಗಿದ್ದಲ್ವಾ ಅತ್ತೆ?" ಎಂದರೆ, "ಅವರ ಮನೇಲಿ ಆಗ್ಲೇ ಬಂದದೆ ಕಣೆ. ನಮ್ದಿನ್ನೂ ದೂರ ಅದೆ" ಎಂದು ಇನ್ನೊಂದು ಹಿಡಿ ಸುರಿಯುತ್ತಿದ್ದಳು.

ದಾಸ್ತಾನಿಗಿಂತ ಕಷ್ಟವಾದದ್ದು ಅವಳ ತಾಲೀಮು. ಒಂದೊಂದು ದಿನ ಬೆಳಗ್ಗೆ ಎದ್ದವಳೇ, "ಇವತ್ತು ಲೋಕ ಮುಳುಗದೆ" ಎಂದು ಸಾರಿಬಿಡುತ್ತಿದ್ದಳು. ಅಂದರೆ ಆ ದಿನ ಅಂಗಡಿಯಿಂದ ಬಂದದ್ದನ್ನು ಯಾರೂ ಮುಟ್ಟುವಂತಿಲ್ಲ. ಬೆಂಕಿಪೊಟ್ಟಣ ಇಲ್ಲ, ಸೋಪು ಇಲ್ಲ, ಸೀಮೆಎಣ್ಣೆ ಇಲ್ಲ, ಕಾಫಿಪುಡಿ ಇಲ್ಲ. ಮಾವ ಎರಡು ಗಂಟೆ ಹೊತ್ತು ತಡೆದುಕೊಂಡು, ಆಮೇಲೆ ಎತ್ತು ನೋಡಿಕೊಂಡು ಬರುತ್ತೇನೆಂದು ಹೋಗಿ ಪಕ್ಕದ ಬೀದಿಯ ಹೋಟೆಲಿನಲ್ಲಿ ಕೂರುತ್ತಿದ್ದರು. ವಾಪಸು ಬಂದಾಗ ಅತ್ತೆ ಮೂಗರಳಿಸಿ ಕೇಳುವಳು: "ಲೋಕ ಮುಳುಗಿದ ಮೇಲೆ ಟೀ ಎಲ್ಲಿತ್ತು?"

"ಅವನ ಓಟ್ಲು ಒಸಿ ಎತ್ತರದಲ್ಲದೆ. ಇನ್ನೂ ಮುಳುಗಿರಲಿಲ್ಲ" ಎನ್ನುವರು ಮಾವ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದದ್ದು ಇಂಥದ್ದೇ ಒಂದು ದಿನ. ಅವರು ಮದ್ದೂರಿನವರು. ಹುಡುಗನಿಗೆ ಮಂಡ್ಯದ ಕರೆಂಟು ಆಫೀಸಿನಲ್ಲಿ ಕೆಲಸ. ಭಾನುವಾರ ಬರುತ್ತೇವೆಂದು ಹೇಳಿಕಳಿಸಿದ್ದವರು, ಶಿವನಸಮುದ್ರದ ನೆಂಟರ ಮನೆಗೆ ಬಂದವರು ಹಾಗೇ ನೋಡಿಕೊಂಡು ಹೋಗೋಣವೆಂದು ಶನಿವಾರವೇ ಇಳಿದುಬಿಟ್ಟರು. ಅಪ್ಪ, ಮಗ ಇಬ್ಬರೇ. ಆ ದಿನ ನಮ್ಮ ಮನೆಯಲ್ಲಿ ಲೋಕ ಮುಳುಗಿ ಆರು ಗಂಟೆಯಾಗಿತ್ತು.

ನನ್ನ ತಲೆಯಲ್ಲಿ ಸೀಗೇಪುಡಿ ಇನ್ನೂ ಇತ್ತು. ಮಾವ ಅತ್ತೆಯನ್ನು ಅಡುಗೆಮನೆಗೆ ಕರೆದು, "ಇವತ್ತೊಂದಿನ ಲೋಕ ಎತ್ತು ಮಾರಾಯ್ತಿ. ಕಾಫಿ ಮಾಡು" ಎಂದು ಗೋಗರೆದರು. ಅತ್ತೆ ಜಪ್ಪಯ್ಯ ಎನ್ನಲಿಲ್ಲ. ಬಂದವರಿಗೆ ಹುರಿಹಿಟ್ಟಿಗೆ ಆಲೆಮನೆಯ ಬೆಲ್ಲ ಕಲಸಿ, ಜೊತೆಗೆ ಮಜ್ಜಿಗೆ ಕೊಟ್ಟಳು. ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಕಂಬಕ್ಕೆ ಒರಗಿ ನಿಂತು ಹುಡುಗನನ್ನೇ ವಿಚಾರಿಸಿಕೊಂಡಳು.

"ಕರೆಂಟೇ ನಿಂತೋದ್ರೆ ನಿನ್ನ ಕೆಲಸ ಏನಪ್ಪ?"

"ದಿನಾ ನಿಂತೋಯ್ತದೆ ಕಣ್ರವ್ವ. ಅದೇ ನಮ್ಮ ಕೆಲಸ" ಎಂದ ಹುಡುಗ.

ಮಾವ ಕೆಮ್ಮಿದರು. ಅತ್ತೆ ಬಿಡಲಿಲ್ಲ. "ಆಯ್ತು. ಲೋಕ ಎಲ್ಲಾ ಮುಳುಗೋಗಿ ನೀನೂ ನಮ್ಮ ಉಡುಗೀನೂ ಇಬ್ರೇ ಉಳ್ಕಂಡ್ರಿ ಅಂತ ಇಟ್ಕೊ. ಮೊದ್ಲು ಏನ್ ಮಾಡ್ತೀಯಾ?"

ಹುಡುಗನ ಅಪ್ಪನ ಕೈಯಲ್ಲಿದ್ದ ಮಜ್ಜಿಗೆ ಲೋಟ ಬಾಯಿಯ ಹತ್ತಿರವೇ ನಿಂತಿತು. ಬಾಗಿಲ ಸಂದಿಯಲ್ಲಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾಕೆಂದರೆ ಅಷ್ಟು ಹೊತ್ತಿಗೆ ಹುಡುಗ ನನಗೆ ಒಪ್ಪಿಗೆಯಾಗಿಬಿಟ್ಟಿದ್ದ. ಇಂಥ ಮನೆಯ ಹೆಣ್ಣನ್ನು ಯಾರು ತಾನೇ ತಂದುಕೊಳ್ಳುತ್ತಾರೆ?

ಹುಡುಗ ನಗಲಿಲ್ಲ. ಹುರಿಹಿಟ್ಟಿನ ತಟ್ಟೆ ಕೆಳಗಿಟ್ಟು ಯೋಚನೆ ಮಾಡಿದ. "ಮೊದ್ಲು ಅವ್ರನ್ನೇ ಕೇಳ್ತೀನಿ ಕಣ್ರವ್ವ, ಏನ್ ಮಾಡಣ ಅಂತ" ಎಂದ.

"ಗಂಡು ಒಪ್ಗೆ ಆಯ್ತು. ಮುಂದಿನ ಮಾತು ನೀವು ಆಡ್ಕಳಿ" ಎಂದು ಅತ್ತೆ ಒಳಗೆ ಹೋದಳು. ಹುಡುಗನ ಅಪ್ಪ ಮಗನ ಮುಖವನ್ನೇ ನೋಡುತ್ತಾ, "ಮನೇಲಿ ಒಂದಿನಾನೂ ಯಾರನ್ನೂ ಏನೂ ಕೇಳ್ದೋನಲ್ಲ ಇವನು" ಎಂದು ಮಜ್ಜಿಗೆ ಮುಗಿಸಿದರು.

ಹೀಗೆ ಮದುವೆಯಾಗಿ ನಾನು ಮಂಡ್ಯಕ್ಕೆ ಬಂದೆ. ಎರಡನೆಯ ವರ್ಷ ನನಗೊಂದು ಗಂಡು ಮಗು ಹುಟ್ಟಿ, ಒಂದು ವಾರ ಇದ್ದು ಹೋಯಿತು.

ಬಂದವರೆಲ್ಲ ಸಮಾಧಾನ ಹೇಳಿದರು. ದೇವರ ಇಚ್ಛೆ ಎಂದರು, ಇನ್ನೊಂದಾಗುತ್ತದೆ ಎಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದವಳು ಏಳಲಿಲ್ಲ, ಉಣ್ಣಲಿಲ್ಲ. ಅತ್ತೆ ಮೊದಲ ಬಸ್ಸಿಗೇ ಬಂದಳು. ಕಸ ಗುಡಿಸಿದಳು, ನೀರು ಹಿಡಿದಳು, ಅನ್ನಕ್ಕಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತಳು. ಮೆಲ್ಲಗೆ ಮಾತಾಡಿದಳು.

"ನಂದು ಹೆಣ್ಣು ಮಗು. ಮೂರು ತಿಂಗಳು ಇತ್ತು. ನೀನಿನ್ನೂ ಹುಟ್ಟಿರಲಿಲ್ಲ."

ನಾನು ತಿರುಗಿ ನೋಡಿದೆ. ಅಷ್ಟು ವರ್ಷ ಆ ಮನೆಯಲ್ಲಿ ಬೆಳೆದರೂ ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಅವಳೂ ಹೇಳಿರಲಿಲ್ಲ, ಮಾವನೂ ಹೇಳಿರಲಿಲ್ಲ.

"ಆಮೇಲೇ ನಾನು ಆ ಪುಸ್ತಕ ಇಡಿದಿದ್ದು. ಅದ್ರಲ್ಲೆಲ್ಲಾ ಲೋಕ ಮೊದಲ ನಾಕು ಪುಟದಾಗೇ ಮುಳುಗೋಯ್ತದೆ ಕಣವ್ವ. ಮುಳುಗೋದು ಓದೋಕೆ ಯಾರಿಗೆ ಬೇಕು? ಉಳಿದ ಪುಟಗಳಲ್ಲಿ ಆ ಜನ ಎಂಗೆ ಎದ್ರು, ಎಂಗೆ ಒಲೆ ಅಚ್ಚಿದ್ರು, ಅದನ್ನ ನೋಡಾಕೆ ಓದ್ತಿದ್ದೆ."

ಎದ್ದು ಹೋಗಿ ಒಂದು ತಟ್ಟೆಯಲ್ಲಿ ಬಿಸಿ ಅನ್ನಕ್ಕೆ ತುಪ್ಪ, ಉಪ್ಪು ಕಲಸಿಕೊಂಡು ಬಂದಳು. ನಾನು ಗೋಡೆಗೊರಗಿ ಎದ್ದು ಕೂತು ಬಾಯಿ ತೆರೆದೆ. ಮೊದಲನೆಯ ತುತ್ತು ನನಗಿಟ್ಟಳು. ಎರಡನೆಯದನ್ನು ನಾನು ಅವಳ ಬಾಯಿಗಿಟ್ಟೆ. ಬೆಳಗಿನಿಂದ ಅವಳೂ ಏನೂ ತಿಂದಿರಲಿಲ್ಲ.