ಹಾಲೇಶಪ್ಪನವರ ಜಡಹಾರಿ ಮತ್ತು ಒಂದು ಲಗ್ನಪತ್ರಿಕೆ

ಹಾಲೇಶಪ್ಪನವರು ಯಂತ್ರದ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದು, ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತರು.

"ನೋಡು ನೀಲಾ, ಇದಕ್ಕೆ ಜಡಹಾರಿ ಅಂತ ಹೆಸರಿಟ್ಟಿದೀನಿ. ನಿನ್ನ ಕಂಪ್ಯೂಟರ್ ಇನ್ನು ಈ ಜನ್ಮದಾಗೆ ನಿಲ್ಲಂಗಿಲ್ಲ!"

ಯಂತ್ರ ಅಂದರೆ ಏನು ಮಹಾ, ಒಂದು ಹಳೇ ಕರೆಂಟ್ ಮೀಟರು. ಮೀಟರ್ ರಿಪೇರಿ ಕೆಲಸದಲ್ಲೇ ಮೂವತ್ತು ವರ್ಷ ಸವೆಸಿ ರಿಟೈರಾದ ಮನುಷ್ಯನ ಕೈಯಲ್ಲಿ ಮತ್ತೇನು ಹುಟ್ಟೀತು? ಅದರ ಪಕ್ಕಕ್ಕೆ ಹೊಲಿಗೆ ಯಂತ್ರದ ಹಿಡಿ ಕೂಡಿಸಿ, ತಲೆಗೆ ಕುಕ್ಕರ್ ಮುಚ್ಚಳ ಬಿಗಿದಿದ್ದರು. ಒಂದು ತಂತಿ ಕಂಪ್ಯೂಟರಿನ ಬೆನ್ನಿಗೆ, ಇನ್ನೊಂದು ಕಿಟಕಿಯ ಸರಳಿಗೆ. ಜಡ ಎನ್ನುವುದು ನಾಶವಾಗುವ ವಸ್ತುವಲ್ಲ, ಒಂದು ಕಡೆಯಿಂದ ಇಳಿಸಿ ಇನ್ನೊಂದು ಕಡೆ ಸುರಿಯಬೇಕು, ಅದನ್ನು ಮೊದಲು ಕಂಡುಹಿಡಿದವನು ತಾನೇ ಎಂದು ಅವರು ಬೆಳಗಿನಿಂದ ನಾಲ್ಕು ಸಲ ಹೇಳಿದ್ದರು. ಎರಡನೇ ತಂತಿ ನಿಜವಾಗಿ ಹಿತ್ತಲಿನ ನೆಲಕ್ಕೆ ಇಳಿಯಬೇಕಿತ್ತಂತೆ. ಅಷ್ಟು ಉದ್ದ ಸಾಲದ್ದಕ್ಕೆ ಸದ್ಯಕ್ಕೆ ಕಿಟಕಿಗೆ ಸುತ್ತಿದ್ದರು.

ನೀಲಾಂಬಿಕೆಗೆ ಇದನ್ನೆಲ್ಲ ಕೇಳುವ ಪುರುಸೊತ್ತಿರಲಿಲ್ಲ. ದಾವಣಗೆರೆಯ ಆ ಓಣಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಆಕೆಯ ಟೈಪಿಂಗ್ ಅಂಗಡಿ. ಹದಿನಾಲ್ಕು ವರ್ಷದಿಂದ ಒಂದೇ ಕಂಪ್ಯೂಟರ್. ಅರ್ಜಿ, ಬಾಡಿಗೆ ಕರಾರು, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಸಲೀಸಾಗಿ ಟೈಪಾಗುತ್ತಿದ್ದವು. ಲಗ್ನಪತ್ರಿಕೆಯ ಫೈಲು ತೆರೆದರೆ ಮಾತ್ರ ಮುಗಿಯಿತು ಕತೆ. ತೆರೆ ಮಂಕಾಗಿ, ಬಾಣದ ಗುರುತಿನ ಜಾಗದಲ್ಲಿ ನೀಲಿ ಬಳೆಯೊಂದು ಸುತ್ತತೊಡಗುತ್ತಿತ್ತು. ಒಂದಕ್ಷರ ಒತ್ತಿ, ಹೋಗಿ ಅನ್ನಕ್ಕಿಟ್ಟು ಬಂದರೆ ಅದು ಮೂಡಿರುತ್ತಿತ್ತು. ರಿಪೇರಿಯವನು ಬಂದು ಒಳಗಿನ ಬಿಲ್ಲೆ ಕಿತ್ತು ರಬ್ಬರಿನಿಂದ ಉಜ್ಜಿದ, ಸೈಕಲ್ ಪಂಪಿನಿಂದ ಧೂಳು ಊದಿದ, ವೈರಸ್ ಹುಡುಕಿದ, ಆಕೆಯ ಫೈಲುಗಳನ್ನು ಬಿಟ್ಟು ಉಳಿದದ್ದೆಲ್ಲ ಅಳಿಸಿ ಹೊಸದಾಗಿ ತುಂಬಿದ. ಕೊನೆಗೆ ಹಳೇದಾಯ್ತಮ್ಮ ಎಂದು ಹೇಳಿ ಹೋದ.

ಇಂಥ ಹೊತ್ತಲ್ಲೇ ಸುಗುಣಾಳ ಮಗಳ ಮದುವೆ ಬರಬೇಕೇ!

ಸುಗುಣಾ ಒಡಹುಟ್ಟಿದ ತಂಗಿ. ಅಕ್ಕತಂಗಿಯರ ನಡುವೆ ಹನ್ನೊಂದು ವರ್ಷದಿಂದ ಮಾತಿಲ್ಲ. ಕಾರಣ, ನೀಲಾಂಬಿಕೆಯ ಮಗನ ಲಗ್ನಪತ್ರಿಕೆ. ಅದರಲ್ಲಿ 'ತಮ್ಮ ಸುಖಾಗಮನ ಬಯಸುವವರು' ಎಂಬ ಪಟ್ಟಿಯಲ್ಲಿ ದೂರದ ನೆಂಟರ ಹೆಸರೂ ಇತ್ತು, ಸುಗುಣಾಳ ಗಂಡ ಬಕ್ಕೇಶನ ಹೆಸರು ಇರಲಿಲ್ಲ. ಇದ್ದೊಬ್ಬ ತಂಗಿಯ ಗಂಡನನ್ನೇ ಬಿಟ್ಟರು ಎಂದು ಸುಗುಣಾ ಪತ್ರಿಕೆಯನ್ನು ಮಡಚಿ ವಾಪಸು ಕಳಿಸಿದಳು, ಮದುವೆಗೆ ಬರಲಿಲ್ಲ. ನಾನು ಟೈಪ್ ಮಾಡಿದ್ದೆ, ಕಂಪ್ಯೂಟರ್ ನಿಂತು, ಪ್ರಿಂಟಿನಲ್ಲಿ ಆ ಸಾಲು ಬಿದ್ದುಹೋಯಿತು ಎಂದು ನೀಲಾಂಬಿಕೆ ಬೀಗರಿಗೆಲ್ಲ ಹೇಳಿ ಕಳಿಸಿದಳು. ಯಾರು ನಂಬುತ್ತಾರೆ? ನಾಲ್ಕು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ಒಬ್ಬಳು ಹೆಣದ ಆಚೆ, ಒಬ್ಬಳು ಈಚೆ ಕೂತು ಅತ್ತರು. ಒಂದು ಮಾತಾಡದೆ ಎದ್ದು ತಂತಮ್ಮ ಮನೆಗೆ ಹೋದರು.

ಹಾಗಿದ್ದ ಸುಗುಣಾ ಹೋದ ವಾರ ತಾನಾಗಿ ಫೋನ್ ಮಾಡಿ, ಮಗಳು ಸಿಂಚನಾಳ ಪತ್ರಿಕೆ ನೀನೇ ಮಾಡಿಕೊಡು ಎಂದಿದ್ದಳು. ಬರಹವನ್ನು ಆಟೋದವನ ಕೈಲಿ ಕಳಿಸಿದ್ದಳು. ನೀಲಾಂಬಿಕೆ ಅದನ್ನು ಬಾಗಿಲಲ್ಲೇ ನಿಂತು ಓದಿದಳು. ಸುಖಾಗಮನ ಬಯಸುವವರು ಇಪ್ಪತ್ತಾರು ಜನ. ಅದರಲ್ಲಿ ಅಕ್ಕ ಭಾವನ ಹೆಸರಿಲ್ಲ. ಅಳು ಬಂತು, ನುಂಗಿಕೊಂಡಳು. ಅವಳು ಬರೆದದ್ದನ್ನು ಬರೆದ ಹಾಗೇ ಮಾಡಿಕೊಡುವುದು, ಒಂದಕ್ಷರ ತಪ್ಪಬಾರದು, ಅಷ್ಟರಿಂದಲಾದರೂ ಸುಗುಣಾ ಮತ್ತೆ ಈ ಮನೆಗೆ ಬಂದುಹೋಗುವಂತಾದರೆ ಸಾಕು ಎಂದುಕೊಂಡಳು. ನಾಳೆ ಅಮಾವಾಸ್ಯೆ, ಮೊದಲ ಪತ್ರಿಕೆ ಇವತ್ತು ಸಂಜೆಯೊಳಗೆ ಮನೆದೇವರ ಮುಂದೆ ಇರಬೇಕು. ಹನ್ನೊಂದು ಗಂಟೆಗೆ ನೋಡಲು ಅವಳೇ ಬರುತ್ತಾಳೆ. ಫೈಲು ನೋಡಿದರೆ ನೀಲಿ ಬಳೆ ಸುತ್ತುತ್ತಾ ಕೂತಿತ್ತು.

"ಏನಾದ್ರೂ ಮಾಡ್ಕೊಳ್ರಿ," ಎಂದಳು ಗಂಡನಿಗೆ.

ಹಾಲೇಶಪ್ಪನವರು ಹಿಡಿ ತಿರುಗಿಸಿದರು. ಮೀಟರಿನ ತಟ್ಟೆ ಗರಗರ ಸುತ್ತಿತು, ಕುಕ್ಕರ್ ಮುಚ್ಚಳ ಒಂದು ಸಲ ಸೀಟಿ ಹೊಡೆಯಿತು. ಹನ್ನೆರಡು ಯೂನಿಟ್ ಜಡ ಇಳಿಯಿತು ಎಂದು ಅವರು ಕನ್ನಡಕ ಏರಿಸಿ ಓದಿ ಹೇಳಿದರು. ಕಂಪ್ಯೂಟರ್ ಓಡಿತು ನೋಡಿ! ಕೀಲಿ ಮುಟ್ಟುವ ಮೊದಲೇ ಅಕ್ಷರ ಮೂಡುತ್ತಿದೆಯೋ ಅನ್ನುವಷ್ಟು ಚುರುಕು. ಅರ್ಧ ಗಂಟೆಯಲ್ಲಿ ಇಡೀ ಪತ್ರಿಕೆ ಮುಗಿದು ಒಂದು ಪ್ರತಿ ಪ್ರಿಂಟೂ ಬಂತು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಯಂತ್ರವೊಂದು ಹೇಳಿದ ಕೆಲಸ ಮಾಡಿದ್ದನ್ನು ನೀಲಾಂಬಿಕೆ ಅವತ್ತೇ ಕಂಡದ್ದು.

ಸೆಕೆಯಾಯಿತೆಂದು ತಲೆ ಎತ್ತಿದರೆ ಫ್ಯಾನು ನಿಂತಿತ್ತು. ಕರೆಂಟಿತ್ತು, ಸ್ವಿಚ್ ಹಾಕಿತ್ತು. ಹಾಲೇಶಪ್ಪನವರು ಪೊರಕೆಯ ಹಿಡಿಯಿಂದ ತಿವಿದರೆ ರೆಕ್ಕೆ ಅಲುಗಲೂ ಇಲ್ಲ. ರೆಕ್ಕೆಗೆ ಅಂಟಿದ್ದ ಜೇಡನ ಬಲೆಯ ಎಳೆ ಗಾಳಿಗೆ ಹಾರಿದಂತೆ ಅಡ್ಡಕ್ಕೆ ನೆಟ್ಟಗೆ ಚಾಚಿಕೊಂಡು, ಹಾಗೇ ಉಳಿದಿತ್ತು.

ಒಳಗೆ ಹೋದರೆ ಒಲೆಯ ಮೇಲಿನ ಹಾಲು ಪಾತ್ರೆಯ ಅಂಚು ದಾಟಿ ಒಂದು ಬೆರಳು ಮೇಲೆದ್ದಿತ್ತು, ಆದರೆ ಚೆಲ್ಲಿರಲಿಲ್ಲ. ಉಕ್ಕಿದ ಹಾಲು ಚೆಲ್ಲದೆ ನಿಂತದ್ದು ಕಂಡು ನೀಲಾಂಬಿಕೆಗೆ ಒಳಗೊಳಗೇ ಖುಷಿಯೇ ಆಯಿತು. ಕೆಳಗಿನ ಒಲೆಯೂ ಆರಲೊಲ್ಲದು ಎಂದು ಗೊತ್ತಾದ ಮೇಲೆ ಖುಷಿ ಇಳಿಯಿತು. ಅಷ್ಟರಲ್ಲಿ ಹೊರಗಿನಿಂದ ಗಂಡ ಕೂಗಿದರು. ಅವರು ಒಂದು ಹಿಡಿ ಮಂಡಕ್ಕಿಯನ್ನು ಬಾಯಿಗೆ ಎಸೆದುಕೊಂಡಿದ್ದರು. ಮಂಡಕ್ಕಿ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತ್ತು. ನೀಲಾಂಬಿಕೆ ಬರುವಷ್ಟರಲ್ಲಿ ಹಾಲೇಶಪ್ಪನವರು ತುದಿಗಾಲಲ್ಲಿ ನಿಂತು, ಗಾಳಿಯಲ್ಲಿದ್ದ ಮಂಡಕ್ಕಿಯನ್ನು ಒಂದೊಂದಾಗಿ ಬಾಯಲ್ಲೇ ಕಿತ್ತು ತಿನ್ನುತ್ತಿದ್ದರು.

ಕಂಪ್ಯೂಟರಿನ ಜಡ ಕಿಟಕಿಯಿಂದ ಮನೆಗೇ ಇಳಿಯುತ್ತಿದೆ ಎನ್ನುವುದು ಆಗ ಇಬ್ಬರಿಗೂ ಹೊಳೆಯಿತು. ಊಟ ಆದ ಮೇಲೆ ಉದ್ದದ ತಂತಿ ತರುತ್ತೇನೆ, ಅಲ್ಲಿವರೆಗೂ ಕಿಟಕಿ ಮುಟ್ಟಬೇಡ ಎಂದರು ಹಾಲೇಶಪ್ಪನವರು. ಹೆಂಡತಿಗೆ ಹೇಳಿದರು, ಬರುವವರಿಗೆ ಯಾರು ಹೇಳಬೇಕು?

ಸುಗುಣಾ ಬಂದಳು. ಚಪ್ಪಲಿ ಬಿಟ್ಟು, ಆರಾಮಾ ಭಾವ ಎಂದು ಕೇಳಿ, ಅಕ್ಕನ ಕಡೆ ನೋಡದೆ ಪತ್ರಿಕೆಯ ಪ್ರತಿ ಕೈಗೆ ತೆಗೆದುಕೊಂಡಳು. ಬೆಳಕಿಗೆಂದು ಕಿಟಕಿಯ ಹತ್ತಿರ ಹೋಗಿ, ಸರಳಿಗೆ ಕೈಕೊಟ್ಟು ಓದತೊಡಗಿದಳು. ನೀಲಾಂಬಿಕೆ ಅವಳ ಮುಖವನ್ನೇ ನೋಡುತ್ತಿದ್ದಳು, ಕೈ ಎಲ್ಲಿದೆ ಎಂದು ನೋಡಲಿಲ್ಲ. ಓದುತ್ತ ಓದುತ್ತ ಸುಗುಣಾಳ ಬೆರಳು ಸುಖಾಗಮನ ಬಯಸುವವರ ಪಟ್ಟಿಗೆ ಬಂದು ನಿಂತಿತು.

"ಅಕ್ಕ, ಇಲ್ಲಿ..."

ಅದೇ ಗಳಿಗೆಗೆ ತೆರೆಯ ಮೇಲೆ ಮತ್ತೆ ನೀಲಿ ಬಳೆ ಕಾಣಿಸಿತು. ನಾದಿನಿಯ ಮುಂದೆ ಯಂತ್ರದ ಪ್ರತಾಪ ತೋರಿಸಲು ಕಾದಿದ್ದ ಹಾಲೇಶಪ್ಪನವರು ಹಿಡಿಯನ್ನು ಇದ್ದ ಶಕ್ತಿಯೆಲ್ಲ ಹಾಕಿ ತಿರುಗಿಸಿದರು.

ಬಾಯಿ ತೆರೆದದ್ದು ತೆರೆದ ಹಾಗೇ, ಬೆರಳು ಪಟ್ಟಿಯ ಮೇಲೆ ಇದ್ದ ಹಾಗೇ, ಸುಗುಣಾ ನಿಂತುಬಿಟ್ಟಳು. ಕರೆದರೆ ಓಗೊಡಲಿಲ್ಲ. ರೆಪ್ಪೆ ಬಡಿಯಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದರೆ ಬೆಚ್ಚಗಿತ್ತು, ಆದರೆ ಉಸಿರು ಒಳಗೂ ಹೋಗದೆ ಹೊರಗೂ ಬರದೆ ಅಲ್ಲೇ ಇತ್ತು.

"ಅಯ್ಯೋ, ಏನು ಮಾಡಿದ್ರಿ!"

ಹಾಲೇಶಪ್ಪನವರು ಬೆವರಿದರು. ಹಿಡಿ ಹಿಂದಕ್ಕೆ ತಿರುಗಿಸಿದರೆ ಬಿಡುಗಡೆಯಾಗುತ್ತಾಳೆ, ಚಿಂತೆಯಿಲ್ಲ ಎಂದರು. ಆದರೆ ಫ್ಯಾನಿನದು, ಹಾಲಿನದು, ಇವಳದು, ಎಲ್ಲರ ಜಡವೂ ಒಟ್ಟಿಗೆ ಕಂಪ್ಯೂಟರಿಗೆ ವಾಪಸಾಗುತ್ತದೆ, ಆಮೇಲೆ ಅದು ಏಳುವುದಿಲ್ಲ ಎಂದರು. ಸ್ವಲ್ಪ ತಡೆದು, ದನಿ ತಗ್ಗಿಸಿ, "ಈಗ ಚೆನ್ನಾಗಿ ಓಡ್ತೈತೆ. ತಿರುಗಿಸೋಕೆ ಮುಂಚೆ ನಮ್ಮಿಬ್ಬರ ಹೆಸರೂ ಸೇರಿಸಿಬಿಡು. ಅವಳಿಗೇನು ಗೊತ್ತಾಗುತ್ತೆ," ಎಂದರು.

ನೀಲಾಂಬಿಕೆಯ ಕೈ ಕೀಲಿಮಣೆಯ ತನಕ ಹೋಯಿತು. ಸುಳ್ಳೇಕೆ ಹೇಳಬೇಕು, ಹೋಯಿತು. ಅಲ್ಲಿಂದ ತಂಗಿಯ ಮುಖ ಕಂಡಿತು. ಹನ್ನೊಂದು ವರ್ಷದಲ್ಲಿ ಆ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಬೈತಲೆ ಅಗಲವಾಗಿತ್ತು. ಬಲಗಡೆ ಒಂದು ಹಲ್ಲು ಹೋಗಿತ್ತು, ಅದು ಹೋಗುವಾಗ ಎಷ್ಟು ನೋಯಿತೋ, ಯಾರು ಜೊತೆಗೆ ಡಾಕ್ಟರ ಹತ್ತಿರ ಹೋದರೋ. ಕೊರಳಲ್ಲಿ ಅವ್ವನ ಬೋರಮಾಳ ಸರ ಇತ್ತು. ಇಷ್ಟೆಲ್ಲ ತನಗೆ ಗೊತ್ತಾಗದೆ ನಡೆದುಹೋಗಿದೆಯಲ್ಲ ಎಂದು ನೀಲಾಂಬಿಕೆಗೆ ದುಃಖ ಉಕ್ಕಿತು. ಸೆರಗಿನಿಂದ ತಂಗಿಯ ಹಣೆಯ ಬೆವರು ಒರೆಸಲು ಹೋದಳು, ಬೆವರ ಹನಿಯೂ ಗಟ್ಟಿಯಾಗಿತ್ತು.

"ತಿರುಗಿಸ್ರಿ," ಎಂದಳು.

ಹಿಡಿ ಹಿಂದಕ್ಕೆ ಸುತ್ತಿತು. ಫ್ಯಾನು ಗಿರ್ರೆಂದಿತು, ಒಳಗೆ ಹಾಲು ಸುಂಯ್ಯೆಂದು ಒಲೆಗೆ ಸುರಿಯಿತು, ಉಳಿದ ಮಂಡಕ್ಕಿ ಹಾಲೇಶಪ್ಪನವರ ಬೋಳುತಲೆಯ ಮೇಲೆ ಉದುರಿತು. ಸುಗುಣಾ ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸಿದಳು.

"...ನಿಂದೂ ಭಾವಂದೂ ಹೆಸರು ಎಲ್ಲೈತೆ?"

ನೀಲಾಂಬಿಕೆ ಬರಹದ ಕಾಗದ ಎತ್ತಿ ತೋರಿಸಿದಳು. "ನೀನು ಬರೆದು ಕಳಿಸಿದ್ರಾಗೆ ಇರಲಿಲ್ವಲ್ಲೇ."

"ನೀನೇ ಟೈಪ್ ಮಾಡೋಳು. ನಿನ್ನ ಹೆಸರು ನೀನೇ ಹಾಕ್ಕೊಂತೀಯ ಅಂತ ಬಿಟ್ಟಿದ್ದೆ. ಹಾಕ್ಕೊಂತಾಳೋ ಇಲ್ಲೋ ನೋಡೋಣ ಅಂತಾನೂ ಇತ್ತು ಅನ್ನು."

ಈಗಲೇ ಹಾಕುತ್ತೇನೆಂದು ನೀಲಾಂಬಿಕೆ ತೆರೆಯ ಕಡೆ ತಿರುಗಿದರೆ ಅಲ್ಲಿ ಬೇರೆಯೇ ಗದ್ದಲ. ಹಿಡಿಯೊಂದಿಗೆ ಬಣ್ಣವೂ ಹಿಂದುಮುಂದಾಗಿ, ಹಿಂದಿನ ಬಿಳಿ ಪುಟವೆಲ್ಲ ಕಪ್ಪಾಗಿತ್ತು. ಸಿಂಚನಾಳ ಪತ್ರಿಕೆಯ ಕೆಳಗಿನ ಖಾಲಿ ಜಾಗದಲ್ಲಿ ಹೆಸರುಗಳು ಏಳುತ್ತಿದ್ದವು. ವಧು, ವರ, ಅಜ್ಜ, ಅಜ್ಜಿ, ಸುಖಾಗಮನ ಬಯಸುವವರು, ಮತ್ತೆ ವಧು, ಮತ್ತೆ ವರ, ಸಾವಿರಾರು ಜನ ಇರುವೆ ಸಾಲಿನಂತೆ ಮೇಲೇರುತ್ತಿದ್ದರು.

ಹಾಲೇಶಪ್ಪನವರು ಬಾಯಿಬಿಟ್ಟು ನೋಡಿದರು. ಇದೇನೆಂದು ಕೇಳಿದ್ದಕ್ಕೆ ನೀಲಾಂಬಿಕೆ ತಲೆ ತಗ್ಗಿಸಿ ಹೇಳಿದಳು. ಗಂಡುಹೆಣ್ಣಿನ ಹೆಸರು ಜೋಡಿಸಿ ಬರೆದ ಮೇಲೆ ಅಳಿಸಬಾರದು, ಅವರಿಗೆ ಒಳ್ಳೆಯದಾಗುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳಲ್ಲ. ಅದಕ್ಕೇ ನೀಲಾಂಬಿಕೆ ಒಂದು ಪತ್ರಿಕೆಯನ್ನೂ ಅಳಿಸಿರಲಿಲ್ಲ. ಕೆಲಸ ಮುಗಿದ ಪತ್ರಿಕೆಯ ಅಕ್ಷರವನ್ನು ಸಾಸಿವೆಗಿಂತ ಸಣ್ಣದು ಮಾಡಿ, ಬಿಳಿ ಬಣ್ಣ ಕೊಟ್ಟು, ಅದೇ ಫೈಲಿನಲ್ಲಿ ಮೇಲುಗಡೆ ಹೊಸದು ಟೈಪ್ ಮಾಡುತ್ತಿದ್ದಳು. ಹದಿನಾಲ್ಕು ವರ್ಷದಿಂದ.

"ಇಷ್ಟು ಜನಾನ ಹೊತ್ಕೊಂಡು ಅದು ಓಡೋದಾದ್ರೂ ಹೆಂಗೆ?" ಹಾಲೇಶಪ್ಪನವರ ದನಿಯಲ್ಲಿ ಅಳುವಿತ್ತು. "ಒಂದು ಹೊಸ ಫೈಲು ತೆಗೆದಿದ್ರೆ ಸಾಕಿತ್ತಲ್ಲ. ರಿಪೇರಿಯವನಿಗೆ ಯಾಕೆ ಹೇಳಲಿಲ್ಲ?"

"ಅವನು ಕೇಳಲಿಲ್ಲ," ಎಂದಳು ನೀಲಾಂಬಿಕೆ.

ವರ್ಷಗಳು ಹಿಂದಕ್ಕೆ ಓಡಿದವು. ಮೀಟರಿನ ಮುಳ್ಳು ಸೊನ್ನೆಗೆ ಬರುತ್ತಿದ್ದಂತೆ ಓಟ ನಿಧಾನವಾಗಿ, ಒಂದು ಪತ್ರಿಕೆಯ ಮೇಲೆ ಗಕ್ಕನೆ ನಿಂತಿತು. ನೀಲಾಂಬಿಕೆಯ ಮಗನ ಲಗ್ನಪತ್ರಿಕೆ. ಪ್ರಿಂಟಿನಲ್ಲಿ ಬಿದ್ದುಹೋದ ಸಾಲು ಫೈಲಿನಲ್ಲಾದರೂ ಇರಲೇಬೇಕಲ್ಲ, ತಂಗಿಗೆ ಈಗ ತೋರಿಸುತ್ತೇನೆ ಎಂದು ಆಕೆ ಆಸೆಯಿಂದ ಬಗ್ಗಿದಳು. ಮೊದಲಿಂದ ಓದಿದಳು. ಕೊನೆಯಿಂದ ಓದಿದಳು. ದೂರದ ನೆಂಟರಿದ್ದರು, ಹಾಲಿನ ಡೈರಿಯ ಅಧ್ಯಕ್ಷರಿದ್ದರು. ಬಕ್ಕೇಶ ಇರಲಿಲ್ಲ.

ಕಂಪ್ಯೂಟರ್ ಏನನ್ನೂ ತಿಂದಿರಲಿಲ್ಲ. ಆಕೆ ಟೈಪೇ ಮಾಡಿರಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಮರೆತಿದ್ದಳು, ಆಮೇಲೆ ಮಾಡಿದ್ದೆ ಎಂದು ತನ್ನನ್ನು ತಾನೇ ನಂಬಿಸಿಕೊಂಡಿದ್ದಳು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ಈ ಬಿಳಿ ಅಕ್ಷರಕ್ಕೆ ಬಣ್ಣ ಕೊಟ್ಟು ನೋಡಿರಲಿಲ್ಲ.

"ತಪ್ಪು ನಂದೇ ಸುಗುಣಾ," ಎಂದಳು. "ಕಂಪ್ಯೂಟರ್‌ದಲ್ಲ. ತಪ್ಪಾಯ್ತು."

ಸುಗುಣಾ ತೆರೆಯ ಮೇಲಿನ ಪಟ್ಟಿಯನ್ನು ತಾನೂ ಒಂದು ಸಲ ಓದಿದಳು. "ಇದೊಂದು ಮಾತು ಅವತ್ತೇ ಅಂದಿದ್ರೆ ಅವ್ವನ ಮುಂದೆ ಇಬ್ಬರೂ ಒಟ್ಟಿಗೆ ಕೂತು ಅಳಬಹುದಿತ್ತಲ್ಲಕ್ಕ," ಎಂದಳು.

ಕಂಪ್ಯೂಟರ್ ಮತ್ತೆ ಅಲುಗಲಿಲ್ಲ. ತಂತಿ ಕಿತ್ತು ಹಾಕಿದರೂ ತೆರೆ ಆರಲಿಲ್ಲ, ಅದೇ ಪುಟ ಬೆಳಗುತ್ತಾ ಇತ್ತು. ಗುಜರಿಯವರು ನಾಲ್ಕು ಜನ ಬಂದು ಎತ್ತಿದರೆ ಮೇಜು ಮುರಿಯಿತು, ಅದು ಮಾತ್ರ ಗಾಳಿಯಲ್ಲಿ ಇದ್ದಲ್ಲೇ ನಿಂತಿತು. ಮೇಲೆ ಹಾಸಿಗೆಯ ಹೊದಿಕೆ ಹೊದಿಸಿದರೆ, ಹೊದಿಕೆಯ ಮೇಲೂ ಸುಖಾಗಮನ ಬಯಸುವವರು ಮೂಡಿದರು.

ಅಂದು ಸಂಜೆಯೊಳಗೆ ಕೆಲಸ ಆಗಬೇಕಿದ್ದರಿಂದ, ಕೈಯಲ್ಲಿದ್ದ ಒಂದು ಪ್ರತಿಯನ್ನೇ ಬೇರೆ ಪ್ರೆಸ್ಸಿಗೆ ಕೊಟ್ಟು ಐನೂರು ಮಾಡಿಸಿದರು. ಹೊಸದಾಗಿ ಅಕ್ಷರ ಕೂಡಿಸಲು ಹೊತ್ತಿಲ್ಲದೆ ಅಕ್ಕ ಭಾವನ ಹೆಸರು ಸೇರಲಿಲ್ಲ. ಮಾರನೇ ವಾರ ಅಕ್ಕತಂಗಿಯರು ಆ ಕೋಣೆಯಲ್ಲೇ ಚಾಪೆ ಹಾಸಿ ಕೂತು, ಒಂದೊಂದು ಪತ್ರಿಕೆಯಲ್ಲೂ ಎರಡೆರಡು ಹೆಸರು ಪೆನ್ನಿನಿಂದ ಬರೆದರು. ಬಿಟ್ಟುಹೋದ ಹನ್ನೊಂದು ವರ್ಷದಲ್ಲಿ ಯಾವುದರಿಂದ ಶುರು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಬರೆದು ಮುಗಿದ ಕಟ್ಟುಗಳನ್ನು ಒಯ್ಯಲು ಬಕ್ಕೇಶ ಬಂದ. ಹೆಂಡತಿ ಹೇಳಿದಲ್ಲಿ ಕೂತು, ಏಳೆಂದಾಗ ಏಳುವ ಸಾಧು ಮನುಷ್ಯ. ಗಾಳಿಯಲ್ಲಿ ನಿಂತ ಕಂಪ್ಯೂಟರಿನ ಮುಂದೆ ಬಂದು, ಹೊದಿಕೆ ಸರಿಸಿ, ಕನ್ನಡಕ ಹಾಕಿಕೊಂಡು ಇಡೀ ಪುಟ ಓದಿದ. ನೀಲಾಂಬಿಕೆ ಎದ್ದು ನಿಂತು, ನಿಮ್ಮ ಹೆಸರು ಬಿಟ್ಟಿದ್ದು ನಾನೇ, ಕ್ಷಮಿಸಬೇಕು ಎಂದು ಕೈಮುಗಿದಳು.

"ಓಹೋ, ನನ್ನ ಹೆಸರು ಇರಲಿಲ್ವಾ?" ಎಂದ ಬಕ್ಕೇಶ. "ನಾನು ಲಗ್ನಪತ್ರಿಕೆಯಾಗೆ ಊಟದ ಟೈಮೊಂದೇ ನೋಡೋದು ಅಕ್ಕ."