ಹೆಗಡೇರ ಡಬ್ಬಿಯಲ್ಲಿ ಜಾಗ ಇಲ್ಲೆ

ಕುಮಟೆಯ ಕಮಲಾಕರ ಹೆಗಡೆ ಟೀವಿಯಲ್ಲಿ ಬಂದ ಸಂಜೆ, ಅವನ ಮುಖ ನೋಡಲೆಂದು ಮುಂಬಯಿ ರೈಲು ನಡುದಾರಿಯಲ್ಲಿ ನಿಂತುಬಿಟ್ಟಿತು. ಭಟ್ಕಳದಿಂದ ಹೊರಟಿದ್ದ ಮೀನುದೋಣಿಗಳು ಬಲೆ ಬಿಡದೆ ದಡಕ್ಕೆ ತಿರುಗಿದವು. ಬಂಗಡೆಗಳು ನೀರಿನಿಂದ ಅರ್ಧ ಮೇಲೆದ್ದು, ಬಾಲದ ಮೇಲೆ ನಿಂತು ನೋಡಿದವು. ಯಾಣದ ಬಂಡೆಯೂ ಕತ್ತು ಉದ್ದ ಮಾಡಿತು ಎನ್ನುವವರಿದ್ದಾರೆ. ಅದೊಂದನ್ನು ನಂಬಬೇಡಿ, ಸುಳ್ಳಿಗೂ ಒಂದು ಮಿತಿ ಬೇಕು.

ಇಷ್ಟಕ್ಕೆಲ್ಲ ಕಾರಣ ಒಂದು ಡಬ್ಬಿ. ಬಂದ ಕಾರ್ಯಕ್ರಮವನ್ನು ಹೊಟ್ಟೆಯೊಳಗೆ ತುಂಬಿಟ್ಟುಕೊಂಡು ಬೇಕೆಂದಾಗ ಕಕ್ಕುವ ಸೆಟ್‌ಟಾಪ್ ಬಾಕ್ಸ್ ಇಡೀ ಕೇರಿಯಲ್ಲಿ ಇದ್ದದ್ದು ಕಮಲಾಕರನ ಮನೆಯಲ್ಲೊಂದೇ. ತಂದ ದಿನವೇ ಅವನು ಜಂಬದಲ್ಲಿ, "ಯಾರಿಗೆ ಎಂತ ಬೇಕು ಹೇಳಿ, ಹಿಡಿದಿಟ್ಟು ಕೊಡ್ತೇನೆ" ಎಂದುಬಿಟ್ಟ. ಮದುವೆಮನೆಯ ಫ್ರಿಜ್ಜಿನಂತೆ ಡಬ್ಬಿ ತುಂಬಿತು. ಪಕ್ಕದ ಮನೆಯ ಮಂಗಲಾ ಮಗಳ ಬಾಣಂತನಕ್ಕೆಂದು ಭಟ್ಕಳಕ್ಕೆ ಹೋಗುವಾಗ ತನ್ನ ಸೀರಿಯಲ್ಲನ್ನು ಹಿಡಿದಿಡಲು ಹೇಳಿ ಹೋದಳು. ಸೀರಿಯಲ್ಲಿನಲ್ಲಿ ಮದುವೆ ಶುರುವಾಗಿತ್ತು. ಅವಳು ಮೊಮ್ಮಗುವಿಗೆ ಹೆಸರಿಟ್ಟು ವಾಪಸು ಬಂದರೂ ತಾಳಿ ಬಿದ್ದಿರಲಿಲ್ಲ. ಅವಳ ಗಂಡ ಆಟೋ ಬೊಮ್ಮಯ್ಯ ತನ್ನ ಕಬಡ್ಡಿ ಪಂದ್ಯಗಳನ್ನು ತುಂಬಿಸಿದ. ಬೊಮ್ಮಯ್ಯ ಎಂದರೆ ಸಾಮಾನ್ಯನಲ್ಲ. ಅವನ ಮೀಸೆಯಂಥ ಮೀಸೆ ಮೂರು ತಾಲೂಕಿನಲ್ಲಿ ಎರಡನೆಯದಿಲ್ಲ. ಹಾರ್ನ್ ಹಾಕುವ ಅಗತ್ಯವೇ ಇಲ್ಲ, ಮೀಸೆ ಕಂಡರೆ ಬಸ್ಸುಗಳೇ ದಾರಿ ಬಿಡುತ್ತವೆ. ಇರಲಿ, ಕತೆ ಕಮಲಾಕರನದು.

ಹಿಂದಿನ ತಿಂಗಳು ಯಾವುದೋ ಚಾನಲ್ಲಿನವರು ಅವನ ಮನೆಗೆ ಬಂದು, ಹೆಂಡತಿ ಶ್ರೀಮತಿ ತೊಡದೇವು ಮಾಡುವುದನ್ನು ಚಿತ್ರೀಕರಿಸಿಕೊಂಡು ಹೋಗಿದ್ದರು. ಕಾಗದಕ್ಕಿಂತ ತೆಳ್ಳಗಿನ ಆ ಸಿಹಿಯನ್ನು ಕವುಚಿಟ್ಟ ಮಡಕೆಯ ಮೇಲಿನಿಂದ ಹರಿಯದೆ ಎಬ್ಬಿಸುವವರು ಈಗ ಎಷ್ಟು ಜನ? ಆ ದಿನ ಕಮಲಾಕರನಿಗೆ ಹೊನ್ನಾವರದ ಸಹಕಾರಿ ಸಂಘದ ಕಚೇರಿಯಿಂದ ರಜೆ ಸಿಗಲಿಲ್ಲ. ಕಾರ್ಯಕ್ರಮ ಬರುವುದಿದ್ದದ್ದು ರೈಲು ನಿಂತ ದಿನವೇ, ಮಧ್ಯಾಹ್ನ.

"ಒಂದೇ ಸಲ ಹಾಕ್ತ್ವಡ. ಮತ್ತೆ ಬತ್ತಿಲ್ಲೆ," ಎಂದಳು ಶ್ರೀಮತಿ ಬೆಳಿಗ್ಗೆ, ನೆರಿಗೆ ಹಿಡಿಯುತ್ತ. "ಶಿರಾಲಿಯಲ್ಲಿ ಇವತ್ತು ಇಡೀ ದಿನ ಕರೆಂಟಿಲ್ಲೆ. ಆನು ಹೋಗಿ ಅಪ್ಪಯ್ಯ, ಆಯಿ ಎಲ್ಲರನ್ನೂ ಸಂಜೆಗೆ ಕರ್ಕಂಡು ಬತ್ತಿ. ನಿಂಗ ರೆಕಾರ್ಡ್ ಮಾಡಲೆ ಮರೆಯಡಿ."

"ಯಾರ ಹತ್ರ ಹೇಳ್ತಾ ಇದ್ದೆ? ಈ ಕಮಲಾಕರನ ಹತ್ರ!"

"ಅದಕ್ಕೇ ಹೆದರಿಕೆ. ಅಳಿಯನ ಕೈಗೆ ಕೊಟ್ಟದ್ದು ಮತ್ತೆ ಸಿಗ್ತಿಲ್ಲೆ ಹೇಳಿ ಅಪ್ಪಯ್ಯ ಈಗಲೇ ನಗ್ಯಾಡ್ತಾ ಇದ್ದ."

ಮಾವನ ನಗೆ ಎಂಬುದು ಚಪ್ಪಲಿಯೊಳಗಿನ ಮುಳ್ಳು. ಕಮಲಾಕರ ಎದೆಯುಬ್ಬಿಸಿ ರಿಮೋಟ್ ಒತ್ತಿದ. ಪರದೆಯ ಮೇಲೆ ಬಂತು: ಜಾಗ ತುಂಬಿದೆ, ಏನನ್ನಾದರೂ ಅಳಿಸಿ. ಸ್ನಾನ ಮುಗಿಸಿ ಅಳಿಸಿದರಾಯಿತು ಎಂದುಕೊಂಡ. ಸ್ನಾನ ಮುಗಿಯಿತು, ಬಸ್ಸೂ ಬಂತು, ಅಳಿಸುವುದು ಅಲ್ಲಿಯೇ ಉಳಿಯಿತು.

ನೆನಪಾದದ್ದು ಊಟದ ಹೊತ್ತಿಗೆ. ಬುತ್ತಿಡಬ್ಬಿಯ ಮುಚ್ಚಳ ತೆಗೆದರೆ ತೊಡದೇವು! ಕಮಲಾಕರ ಎಷ್ಟು ಜೋರಾಗಿ ಹಾರಿದನೆಂದರೆ ಕಚೇರಿಯ ಫ್ಯಾನಿಗೆ ಅವನ ತಲೆ ತಾಗಿ ಫ್ಯಾನು ತಿರುಗುವುದನ್ನು ಬಿಟ್ಟಿತು. ಕೀಲಿಕೈ ಇದ್ದದ್ದು ಪಕ್ಕದ ಮನೆಯಲ್ಲಿ. ಫೋನ್ ಹಚ್ಚಿದ.

"ಬೊಮ್ಮಯ್ಯಾ! ಓಡು, ನಮ್ಮನೆ ಬಾಗಿಲು ತೆಗೆದು ಟೀವಿ ಹಾಕು!"

"ಎಂತ ಹೆಗಡೇರೆ, ಮ್ಯಾಚ್ ಉಂಟಾ?"

"ಮ್ಯಾಚ್ ಅಲ್ಲ, ನನ್ನ ಮರ್ಯಾದೆ ಉಂಟು! ಡಬ್ಬಿಯಲ್ಲಿ ಜಾಗ ಇಲ್ಲ. ನನ್ನ ಕ್ರಿಕೆಟ್ ಫೈನಲ್ ಅಳಿಸಿ ಶ್ರೀಮತಿಯ ತೊಡದೇವು ಹಿಡಿ."

"ಆ ಫೈನಲ್ಲಾ? ನೋಡಿ ನೋಡಿ ಕಣ್ಣೀರು ಹಾಕ್ತ್ರಲ್ಲ, ಅದಾ?"

"ಅಳಿಸು ಮಾರಾಯಾ, ಈಗ ಶುರುವಾಗ್ತದೆ!"

ಪಕ್ಕದ ಟೇಬಲ್ಲಿನ ಚಂದನಾ, "ಸರ್, ಸ್ಪೀಕರ್ ಹಾಕಿ, ನಮಗೂ ಕೇಳ್ಲಿ" ಎಂದಳು. ಸಾಲಿನಲ್ಲಿ ನಿಂತ ಗ್ರಾಹಕರು ಸಾಲು ಮುರಿದು ಸುತ್ತ ನೆರೆದರು.

"ಹೆಗಡೇರೆ, ನಿಮ್ಮ ಫೈನಲ್ ಕಾಣೂದಿಲ್ಲ. ಮಂಗಲಾಳ ಸೀರಿಯಲ್ಲಿಂದೇ ಒಂದು ದೊಡ್ಡ ಗಂಟು ಉಂಟು. ನಿಮ್ದು ಇದರೊಳಗೆ ಉಂಟಾ?"

ಕಮಲಾಕರ ಕೇರಿಯವರ ಹತ್ತಿರ ಯಾವಾಗಲೂ ಪೇಟೆ ಕನ್ನಡವನ್ನೇ ಆಡುವವ. ಆದರೆ ಗಾಬರಿಗೆ ಪೇಟೆ ಕನ್ನಡ ಬರುವುದಿಲ್ಲ. "ಇಲ್ಲೆ! ಇಲ್ಲೆ!" ಎಂದು ಕಿರುಚಿದ.

ಹವ್ಯಕರ ಮನೆಮಾತಿನಲ್ಲಿ 'ಇಲ್ಲೆ' ಎಂದರೆ ಇಲ್ಲ ಎಂದು. ಉಳಿದವರ ಕಿವಿಗೆ ಅದು 'ಇದೇ ಜಾಗದಲ್ಲಿ' ಎಂದು.

"ಇಲ್ಲೇಯಾ? ಆತು," ಎಂದ ಬೊಮ್ಮಯ್ಯ, ಗುಂಡಿ ಒತ್ತಿದ.

ಮರುಕ್ಷಣವೇ ಫೋನಿನಿಂದ, ಗಂಡನ ಹಿಂದೆಯೇ ಬಂದಿದ್ದ ಮಂಗಲಾಳ ಕೂಗು ಎದ್ದಿತು. "ಅಯ್ಯಯ್ಯೋ! ಮದುವೆ ಹೋಯ್ತಲ್ಲ! ತಾಳಿ ಕಟ್ಟೂ ಮೊದ್ಲೇ ಹೋಯ್ತಲ್ಲ!" ಗ್ರಾಹಕರಲ್ಲಿ ಒಬ್ಬಾಕೆ ಸೆರಗು ಬಾಯಿಗೊತ್ತಿಕೊಂಡು, "ಪಾಪ, ಯಾರ ಮನೆ ಹುಡುಗಿಯೋ" ಎಂದಳು.

ಆದರೂ ಗಂಟು ಹೋದ ಜಾಗದಲ್ಲಿ ಶ್ರೀಮತಿಯ ಕಾರ್ಯಕ್ರಮ ಅಚ್ಚುಕಟ್ಟಾಗಿ ಬಂದು ಕೂತಿತು. "ಕೆಂಪು ದೀಪ ಹತ್ತಿತು ಹೆಗಡೇರೆ!" ಎಂದು ಬೊಮ್ಮಯ್ಯ ಹೇಳಿದಾಗ ಇಡೀ ಕಚೇರಿ ಚಪ್ಪಾಳೆ ಹೊಡೆಯಿತು.

ಸಂಜೆ ಕಮಲಾಕರ ಮನೆಗೆ ಬಂದರೆ ಗೇಟಿನಲ್ಲೇ ಮಂಗಲಾ. "ಹೆಗಡೇರೆ, ಬಾಣಂತಿಗೆ ನೀರು ಕಾಸ್ತಾ ಕಾಸ್ತಾ ಆ ಮದುವೆಗೇ ಕಾದಿದ್ದೆ. ಗಂಡಿಗೆ ಮೊದ್ಲೇ ಹೆಂಡ್ತಿ ಇದ್ಳಾ ಇಲ್ವಾ, ಅದಾದ್ರೂ ಹೇಳಿ!"

"ಇವತ್ತು ಎದುರಿನ ಕುರ್ಚಿ ನಿಮಗೇ," ಎಂದು ಅವಳನ್ನು ಸಮಾಧಾನಪಡಿಸಿದ.

ಶಿರಾಲಿಯಿಂದ ಮಾವ, ಅತ್ತೆ, ಅವರ ಹಿಂದೆ ಅರ್ಧ ಶಿರಾಲಿಯೇ ಬಂತು. ಕೇರಿಯವರು ಕಿಟಕಿಗೆ ಜೋತುಬಿದ್ದರು. ಕಮಲಾಕರ ರಿಮೋಟ್ ಎತ್ತಿದ್ದು ನೋಡಬೇಕಿತ್ತು, ರಾಜನೊಬ್ಬ ಕತ್ತಿ ಎತ್ತಿದ ಹಾಗೆ! ಒತ್ತಿದ. ಪರದೆಯ ಮೇಲೆ ಶ್ರೀಮತಿ! ಮಡಕೆಗೆ ಹಿಟ್ಟು ಬಳಿದಳು, ತುಪ್ಪ ಸವರಿದಳು, ಒಂದೂ ಹರಿಯದಂತೆ ಎಬ್ಬಿಸಿದಳು. ಕಮಲಾಕರ ನಿಲ್ಲಿಸಿ ತೋರಿಸಿದ, ಹಿಂದೆ ಓಡಿಸಿ ಮತ್ತೆ ತೋರಿಸಿದ. ಅತ್ತೆ ಕಣ್ಣೊರೆಸಿಕೊಂಡರು. ಮಾವ ಮೊದಲ ಸಲ ಅಳಿಯನ ಬೆನ್ನು ತಟ್ಟಿ, "ಅಡ್ಡಿಲ್ಲೆ ಮಾರಾಯ, ಹಿಡಿದಿಟ್ಟಿದ್ದೆ" ಎಂದರು. ಕಮಲಾಕರ ಒಂದು ಗೇಣು ಎತ್ತರವಾದ.

ಆಗ ಪರದೆಯಲ್ಲಿ ಬೆಂಗಳೂರಿನ ನಿರೂಪಕಿ ಕೇಳಿದಳು: "ಮೇಡಂ, ನಿಮ್ಮ ಯಜಮಾನ್ರು ಮನೇಲಿದ್ದಾರಾ?"

ಪರದೆಯ ಶ್ರೀಮತಿ ಮಡಕೆಯಿಂದ ಕಣ್ಣು ಕೀಳದೆ, "ಇಲ್ಲೆ" ಎಂದಳು.

"ಓಹ್! ಇಲ್ಲೇ ಇದ್ದಾರಂತೆ ವೀಕ್ಷಕರೇ!"

ಕ್ಯಾಮೆರಾ ಗಿರಕ್ಕನೆ ಬಾಗಿಲಿಗೆ ತಿರುಗಿತು. ಅಲ್ಲಿ ಹಿಟ್ಟು ಕಲಸಲೆಂದು ತಂದ ಕಬ್ಬಿನ ಹಾಲಿನ ಕ್ಯಾನ್ ಹಿಡಿದು ನಿಂತಿದ್ದವನು ಬೊಮ್ಮಯ್ಯ.

"ಸರ್, ನಿಮ್ಮನೆಯವರ ಕೈರುಚಿ ಹೇಗಿದೆ?"

ಬೊಮ್ಮಯ್ಯ ಒಂದು ತೊಡದೇವು ಮುರಿದು ಬಾಯಿಗಿಟ್ಟು, ಮೀಸೆಯ ಎರಡೂ ತುದಿ ತಿರುವಿ, "ಭಾರೀ ಲಾಯ್ಕ್ ಉಂಟು" ಎಂದ. ಆ ಮೀಸೆಯ ಕೆಳಗೆ ಅಕ್ಷರಗಳು ಮೂಡಿದವು: ಶ್ರೀ ಕಮಲಾಕರ ಹೆಗಡೆ, ಕುಮಟಾ.

ಮಾವ ನಿಧಾನ ತಿರುಗಿ, "ಕಮಲಾಕರ, ನಿಂಗೆ ಮೀಸೆ ಯಾವಾಗ ಬಂತು?" ಎಂದರು.

"ಚಾನಲ್ಲಿನವು ಅದನ್ನ ಕತ್ತರಿಸ್ತ್ಯ ಹೇಳಿದ್ದ!" ಎಂದು ಶ್ರೀಮತಿ ಮುಖ ಮುಚ್ಚಿಕೊಂಡಳು.

ಕಮಲಾಕರನ ಹೆಬ್ಬೆರಳು ಅಳಿಸುವ ಗುಂಡಿಯತ್ತ ಜಾರಿತು. ಅಷ್ಟರಲ್ಲಿ ಎದುರಿನ ಕುರ್ಚಿಯಿಂದ ಮಂಗಲಾ ಹಾರಿ ರಿಮೋಟ್ ಕಿತ್ತುಕೊಂಡಳು. "ನನ್ನ ಸೀರಿಯಲ್ ತೆಗ್ದ್ರಿ, ಸುಮ್ಮನಿದ್ದೆ. ನನ್ನ ಗಂಡನ್ನ ತೆಗೀರಿ ನೋಡ್ವಾ!" ಮತ್ತೆ ಹಾಕಿಸಿ ಫೋನಿನಲ್ಲಿ ಹಿಡಿದಳು, ಭಟ್ಕಳದ ಮಗಳು ಅಂಕಿತಾಳಿಗೆ ಕಳಿಸಿದಳು. ಅಲ್ಲಿಂದ ಅದು ಮಿರ್ಜಾನದವರೆಗೆ ಹಬ್ಬಿತು.

ಮರುದಿನ ಕಚೇರಿಯಲ್ಲಿ ಅಜ್ಜಿಯೊಬ್ಬಳು ಬಂದು, "ಕಮಲಾಕರ ಹೆಗಡೇರನ್ನ ಕರೀರಿ" ಎಂದಳು.

"ನಾನೇ, ಅಜ್ಜಿ."

"ಸುಳ್ಳು ಹೇಳ್ಬೇಡ ತಮ್ಮಾ. ಅವರಿಗೆ ಮೀಸೆ ಉಂಟು."

ಆಟೋ ಸ್ಟ್ಯಾಂಡಿನಲ್ಲಿ ಕತೆಯನ್ನು ನಾನು ಯಾವಾಗಲೂ ಇಲ್ಲಿಗೇ ನಿಲ್ಲಿಸಿ, ಮೀಸೆ ತಿರುವಿ ಎದ್ದುಬಿಡುವುದು. ಹೌದು, ಆ ಬೊಮ್ಮಯ್ಯ ನಾನೇ. ನಿನ್ನೆಯೂ ಹಾಗೆಯೇ ಎದ್ದೆ. ಹಿಂದೆ ಮಂಗಲಾ ನಿಂತಿದ್ದಳು, ಕೈಯಲ್ಲಿ ಸಂತೆಯ ಚೀಲ.

"ಒಂದು ಕೇಳ್ತೆ," ಎಂದಳು. "ಹೆಗಡೇರ ಬೇಲಿ ಪಕ್ಕ ಇಷ್ಟು ವರ್ಷ ಇದ್ದವರಿಗೆ, 'ಇಲ್ಲೆ' ಅಂದ್ರೆ ಎಂತ ಅಂತ ಗೊತ್ತಿರ್ಲಿಲ್ವಾ?"

ಸ್ಟ್ಯಾಂಡಿನವರೆಲ್ಲ ನನ್ನನ್ನೇ ನೋಡಿದರು. ಮೀಸೆ ತಾನಾಗಿ ಕೆಳಗೆ ಬಾಗಿತು.

ಒಪ್ಪಿಕೊಳ್ಳುತ್ತೇನೆ. ರೈಲು ನಿಂತದ್ದು ಎದುರಿನ ಗಾಡಿಗೆ ದಾರಿ ಬಿಡಲು. ದೋಣಿ ತಿರುಗಿದ್ದು ಗಾಳಿ ಎದ್ದದ್ದರಿಂದ. ಬಂಗಡೆಗಳನ್ನು ನಾನು ನೋಡಿದ್ದು ಬುಟ್ಟಿಯಲ್ಲಿ. ಹೆಗಡೇರ ಫೈನಲ್ ಮೊದಲ ಸಾಲಿನಲ್ಲೇ ಕಂಡಿತ್ತು. ಆ ಪುಣ್ಯಾತ್ಮನ ಕಣ್ಣೀರು ನೆನಪಾಗಿ ಬೆರಳು ಹೋಗಲಿಲ್ಲ. ಸೀರಿಯಲ್ ಇದ್ದರೆ ನನ್ನ ಮುಂದಿನ ಕಬಡ್ಡಿಗೆ ಜಾಗವಿರುತ್ತಿರಲಿಲ್ಲ. 'ಇಲ್ಲೆ' ಎಂದರೆ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಕ್ಯಾಮೆರಾ ತಿರುಗಿದ ದಿನವೂ ಗೊತ್ತಿತ್ತು.

ಮಂಗಲಾ ಚೀಲ ಹೆಗಲಿಗೇರಿಸಿ ಮನೆಯ ಕಡೆ ನಡೆದಳು. ನಾನು ಆಟೋ ಉರುಳಿಸುತ್ತ ಪಕ್ಕದಲ್ಲೇ ಹೋಗಿ, ಮೆಲ್ಲಗೆ, "ಮಧ್ಯಾಹ್ನಕ್ಕೆ ಮೀನುಸಾರು ಉಂಟಾ?" ಎಂದೆ.

ತಿರುಗಿಯೂ ನೋಡದೆ, ಹುಟ್ಟಿದ ಮೇಲೆ ಮೊದಲ ಸಲ ಹೆಗಡೇರ ಮನೆಮಾತಿನಲ್ಲಿ, ಅವಳು ಒಂದೇ ಮಾತು ಹೇಳಿದಳು:

"ಇಲ್ಲೆ."

ಈ ಸಲ ನನಗೆ ಸರಿಯಾಗಿಯೇ ಕೇಳಿಸಿತು.