ಈಸ್ಟ್‌ಗೇಟಿನ ಹಸಿರು ಕಲ್ಲಿನ ಮಹಾರಾಜರು

ನಮ್ಮ ಚಿಕ್ಕಮಾವ ರಾಜರು. ಇದು ನನ್ನ ಮಾತಲ್ಲ, ಅವರದೇ. ರಾಜ್ಯ ಎಲ್ಲಿದೆ ಎಂದು ಕೇಳುತ್ತೀರಾ? ಅಮೆರಿಕದ ಸಿಯಾಟಲ್ ಪಕ್ಕದ ಈಸ್ಟ್‌ಗೇಟಿನಲ್ಲಿ, ಹೈವೇ ಸದ್ದು ಕೇಳಿಸುವಷ್ಟು ಹತ್ತಿರದ ಒಂದು ಗುಡ್ಡದ ಮೇಲೆ. ಮೂರು ಬೆಡ್‌ರೂಮು, ಕಾರು ನಿಲ್ಲಿಸಲು ಜಾಗವಿಲ್ಲದ ಒಂದು ಗರಾಜು, ಹಿತ್ತಲಲ್ಲಿ ಯಾವ ವರ್ಷವೂ ಹಣ್ಣಾಗದ ಟೊಮೇಟೊ ಗಿಡಗಳು. ಪ್ರಜೆ ಒಬ್ಬರೇ, ನಮ್ಮ ಚಿಕ್ಕತ್ತೆ. ಅವರೂ ಮದುವೆಯಾದಾಗಿನಿಂದ ಬಂಡಾಯದಲ್ಲೇ ಇದ್ದಾರೆ.

ಚಿಕ್ಕಮಾವ ಎಂದರೆ ನನ್ನ ಯಜಮಾನರ ಚಿಕ್ಕಪ್ಪ. ಸಿಯಾಟಲಿಗೆ ಓದಲು ಬಂದ ಮೊದಮೊದಲ ಕನ್ನಡಿಗರಲ್ಲಿ ಒಬ್ಬರು. ಆಮೇಲೆ ರಿಟೈರ್ ಆಗುವ ತನಕ ವಿಮಾನದ ಬಾಗಿಲುಗಳ ಕೆಲಸ. ಇಡೀ ವಿಮಾನದ್ದಲ್ಲ, ಬಾಗಿಲಿನದು ಮಾತ್ರ, ಅದರಲ್ಲೂ ಚಿಲಕದ್ದು. ಬಾಗಿಲು ಸರಿಯಾಗಿ ಹಾಕಿಕೊಂಡಿದೆಯೋ ಇಲ್ಲವೋ ಎಂಬುದನ್ನು ಕಣ್ಣು ಹೇಳುವುದಿಲ್ಲ, ಕಿವಿ ಹೇಳುತ್ತದೆ ಎನ್ನುವುದು ಅವರ ಸಿದ್ಧಾಂತ. ಈಗಲೂ ನಮ್ಮ ಮನೆಗೆ ಬಂದರೆ ಫ್ರಿಜ್ಜಿನ ಬಾಗಿಲನ್ನು ತೆಗೆದು ಹಾಕಿ, ತಲೆ ವಾರೆ ಮಾಡಿ ಆಲಿಸಿ, "ರಬ್ಬರ್ ಹೋಗಿದೆ ಕಣಮ್ಮ" ಎಂದು ತೀರ್ಪು ಕೊಟ್ಟ ಮೇಲೆಯೇ ಕೂರುವುದು.

ಇಂಥವರು ರಾಜರಾದದ್ದು ಗ್ವಾಟೆಮಾಲಾ ಪ್ರವಾಸಕ್ಕೆ ಹೋಗಿ ಬಂದ ಮೇಲೆ. ಜೊತೆಗೆ ಹೋದವರೆಲ್ಲ ಕಾಫಿ ಪುಡಿ ತಂದರು. ಇವರು ಅಲ್ಲಿನ ಮಾಯಾ ಜನಾಂಗದ ರಾಜರನ್ನು ತಂದರು. ಯಾವುದೋ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಆ ಪುರಾತನ ರಾಜರು ಪಟ್ಟವೇರುವಾಗ ತೊಡುತ್ತಿದ್ದ ಜೇಡ್ ಎಂಬ ಹಸಿರು ಕಲ್ಲಿನ ಒಡವೆಗಳಿದ್ದವಂತೆ. ಎದೆಗೆ ಪದಕ, ಕಿವಿಗೆ ಬಟ್ಟಲಿನಂಥ ಓಲೆ, ಹಣೆಪಟ್ಟಿಗೆ ಕೆತ್ತಿದ ಪುಟ್ಟ ಮುಖ, ಸೊಂಟಪಟ್ಟಿಯಿಂದ ಇಳಿಬಿಟ್ಟ ನುಣ್ಣನೆಯ ಕಲ್ಲಿನ ಫಲಕಗಳು. ಎಲ್ಲವೂ ಹಸಿರೋ ಹಸಿರು. ಚಿಕ್ಕಮಾವ ಅಲ್ಲೇ ಕಂಬವಾದರು.

"ಬಸ್ಸು ಹೊರಡುತ್ತೆ ಅಂದ್ರೂ ಅಲ್ಲಾಡ್ಲಿಲ್ಲಮ್ಮ," ಎಂದರು ಚಿಕ್ಕತ್ತೆ. "ನನ್ನನ್ನ ಹೆಣ್ಣು ನೋಡೋಕೆ ಬಂದಾಗಲೂ ಅಷ್ಟು ಹೊತ್ತು ನೋಡಿರ್ಲಿಲ್ಲ."

ಆ ವರ್ಷ ನಾರ್ತ್ ಕ್ರೀಕಿನ ನಮ್ಮ ಮನೆಯಲ್ಲಿ ಗೌರಿ ಹಬ್ಬದ ಅರಿಶಿನ ಕುಂಕುಮ. ಲಾಕರಿನಿಂದ ಬಿಡುಗಡೆಯಾದ ಸರಗಳೆಲ್ಲ ಸೋಫಾ ಮೇಲೆ ಸಾಲಾಗಿ ಕೂತಿದ್ದವು. ಅವುಗಳ ಹಿಂದೆ ಅವುಗಳ ಒಡತಿಯರು. ಉಳಿದ ಗಂಡಸರ ಜೊತೆ ಡೆಕ್ಕಿನಲ್ಲಿರಬೇಕಾದ ಚಿಕ್ಕಮಾವ ನಡುಮನೆಗೆ ಬಂದು ಉಪನ್ಯಾಸ ಶುರು ಮಾಡಿದರು.

"ಈ ಚಿನ್ನ ಏನಮ್ಮಾ ಮಹಾ? ಮಾಯಾ ರಾಜರಿಗೆ ಚಿನ್ನ ಲೆಕ್ಕಕ್ಕೇ ಇರ್ಲಿಲ್ಲ. ಹಸಿರು ಕಲ್ಲೇ ಸರ್ವಸ್ವ. ಎಳೇ ಜೋಳದ ಗರಿಯ ಬಣ್ಣ, ನೀರಿನ ಬಣ್ಣ. ಉಸಿರೇ ಅದರಲ್ಲಿರುತ್ತೆ ಅಂತ ನಂಬಿದ್ರು. ಸತ್ತವರ ಬಾಯಲ್ಲಿ ಒಂದು ಜೇಡ್ ಮಣಿ ಇಡ್ತಿದ್ರು."

ಹಬ್ಬದ ದಿನ ಬಾಯಿಗೆ ಬಂದ ಮಾತು ನೋಡಿ! ಟೋಟೆಮ್ ಲೇಕಿನಿಂದ ಬಂದಿದ್ದವರೊಬ್ಬರು ಕೋಸಂಬರಿಯ ದೊನ್ನೆಯನ್ನು ಮೆಲ್ಲಗೆ ಕೆಳಗಿಟ್ಟರು.

"ಕಲ್ಲು ತೊಟ್ರೆ ರಾಜ. ತೆಗೆದಿಟ್ರೆ ಅವನೂ ನಮ್ಮ ಹಾಗೆ ಹೊಟ್ಟೆ ಬಂದಿರೋ ಒಬ್ಬ ಗಂಡಸು. ಎಲ್ಲಾ ಅಧಿಕಾರ ಕಲ್ಲಲ್ಲೇ ಇರೋದು."

ಚಿಕ್ಕತ್ತೆ ತಾಂಬೂಲದ ತಟ್ಟೆಯಿಂದ ತಲೆಯೆತ್ತಲಿಲ್ಲ. "ಇಷ್ಟು ವರ್ಷ ನಂಗೆ ಚಿನ್ನ ಕೊಡಿಸದೇ ಇದ್ದಿದ್ದಕ್ಕೆ ಕೊನೆಗೂ ಒಂದು ಕಾರಣ ಸಿಕ್ತು ನೋಡಿ," ಎಂದರು.

ಬರೀ ಮಾತಾಗಿದ್ದರೆ ಸಹಿಸಬಹುದಿತ್ತು. ಚಿಕ್ಕಮಾವ ಒಂದು ಕಲ್ಲನ್ನೇ ತಂದರು. ಗ್ವಾಟೆಮಾಲದ್ದಲ್ಲ, ನಮ್ಮ ವಾಷಿಂಗ್ಟನ್ ರಾಜ್ಯದ ಬೆಟ್ಟಗಳಲ್ಲೇ ಸಿಗುವ ಹಸಿರು ಜೇಡ್, ಹೊರಗಿನಿಂದ ಹಲಸಿನ ಬೀಜದಂತೆ ಮಂಕಾಗಿ ಕಾಣುತ್ತಿದ್ದ ಒಂದು ಗುಂಡು. ಅದನ್ನು ಕೊಯ್ದು ಎದೆಯ ಪದಕ ಮಾಡಬೇಕು, ಅದೂ ಮಾಯಾ ಕುಶಲಿಗಳ ಹಾಗೆಯೇ. ಅವರ ಬಳಿ ಕಬ್ಬಿಣವಿರಲಿಲ್ಲ. ದಾರಕ್ಕೆ ನೀರು, ಮರಳು ಹಚ್ಚಿ, ಹಿಂದಕ್ಕೂ ಮುಂದಕ್ಕೂ ಎಳೆದು ಎಳೆದು ಕಲ್ಲು ಕೊಯ್ಯುತ್ತಿದ್ದರಂತೆ. ಪಕ್ಕದ ಮನೆಯ ಅಮೆರಿಕನ್ನರು ಪಾಪ, ಟೈಲ್ಸ್ ಕತ್ತರಿಸುವ ತಮ್ಮ ಮೆಷೀನನ್ನು ಹೊತ್ತುಕೊಂಡೇ ಬಂದರು. ಚಿಕ್ಕಮಾವ ಅದನ್ನು ಬೈಗುಳ ಕೇಳಿದವರ ಹಾಗೆ ನೋಡಿ ವಾಪಸು ಕಳಿಸಿದರು. ರಾಜಚಿಹ್ನೆಯನ್ನು ಪ್ಲಗ್ ಹಾಕಿ ಮಾಡುವುದುಂಟೇ?

ಇಡೀ ಮಳೆಗಾಲ ಗರಾಜಿನಿಂದ ಕರ್ರ್ ಕರ್ರ್ ಸದ್ದು. ನಾನು ಹೋದಾಗಲೆಲ್ಲ, ಮಂಕಿ ಕ್ಯಾಪು ಹಾಕಿದ ರಾಜರು ಕಲ್ಲಿನ ಮುಂದೆ ಕೂತು ದಾರ ಎಳೆಯುತ್ತಿರುವರು. ಮಡಿಲಲ್ಲಿ ಚಿಕ್ಕತ್ತೆಯ ರವೆ ಜರಡಿ, ಮರಳು ಸೋಸಲು. ಅಷ್ಟು ದಿನದ ಕೆಲಸಕ್ಕೆ ಕಲ್ಲಿನಲ್ಲಿ ಉಗುರು ಇಳಿಯುವಷ್ಟು ಗೀರು ಬಿದ್ದಿತ್ತು.

"ಅರ್ಧ ಹೋಳು ತೆಂಗಿನಕಾಯಿ ತುರಿದುಕೊಡಿ ಅಂದ್ರೆ ಭುಜ ನೋವು," ಎಂದರು ಚಿಕ್ಕತ್ತೆ. "ಬಂಡೆ ಕೊಯ್ಯೋಕೆ ಮಾತ್ರ ಭೀಮ."

ಚಿಕ್ಕತ್ತೆಯ ಕಣ್ಣು ಮಂಜಾಗಲು ಶುರುವಾದದ್ದೂ ಆ ದಿನಗಳಲ್ಲೇ. ನೇರ ನೋಡಿದ್ದು ಮಾಸಿಹೋಗುತ್ತದೆ, ಅಂಚಿನದು ಅಷ್ಟಿಷ್ಟು ಕಾಣುತ್ತದೆ. ಹೋದ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ಚಿಕ್ಕತ್ತೆ ಕಾರಿನ ಕೀಯನ್ನು ತಾವೇ ತಂದು ಚಿಕ್ಕಮಾವನ ಕೈಗಿಟ್ಟರು. "ಇನ್ಮೇಲೆ ಮುಖ ನೋಡಿ ಮಣೆ ಹಾಕೋ ಹಾಗಿಲ್ಲ, ಎಲ್ಲಾರಿಗೂ ಒಂದೇ ಮಣೆ," ಎಂದು ನನ್ನೆದುರು ನಕ್ಕರು. ಆದರೆ ಮೆಟ್ಟಿಲ ಬಳಿ ಯಾರಾದರೂ ತೋಳು ಹಿಡಿಯಲು ಹೋದರೆ ಕೈ ಕೊಡವಿಬಿಡುವರು. ಅಡುಗೆಮನೆಯಲ್ಲಂತೂ ಅವರಿಗೆ ಕಣ್ಣೇ ಬೇಡ. ಸಾಸಿವೆ ಡಬ್ಬಿಗೆ ರಬ್ಬರ್ ಬ್ಯಾಂಡು, ಜೀರಿಗೆಯದಕ್ಕೆ ಇಲ್ಲ. ಕಾಫಿ ಲೋಟ ತುಂಬಿತೆಂದು ಸದ್ದಿನಲ್ಲೇ ತಿಳಿಯುವುದು.

ತಿಳಿಯದೇ ಇದ್ದದ್ದು ಚಿಕ್ಕಮಾವ ಬರುವುದು ಮಾತ್ರ. ಕಾರ್ಪೆಟ್ಟಿನ ಮೇಲೆ ಉಣ್ಣೆಯ ಕಾಲುಚೀಲ, ಬೆಕ್ಕಿನ ನಡಿಗೆ. ಒಂದು ಮಧ್ಯಾಹ್ನ ಒಲೆಯಿಂದ ತಿರುಗಿದ ಚಿಕ್ಕತ್ತೆ ಹಿಂದೆಯೇ ನಿಂತಿದ್ದ ಗಂಡನಿಗೆ ಢಿಕ್ಕಿ ಹೊಡೆದು, ಕುದಿಯುವ ಸಾರು ಮುಂಗೈ ಮೇಲೆ ಚೆಲ್ಲಿ ಬೊಬ್ಬೆ ಬಂತು. ಸುದ್ದಿ ಸ್ಯಾನ್ ಹೋಸೆಯಲ್ಲಿರುವ ಮಗಳಿಗೆ ಹೋಯಿತು. ಇನ್ನೊಂದು ಸಲ ಹೀಗಾದರೆ ಈ ಮನೆ ಮಾರಿ ಇಬ್ಬರೂ ತನ್ನ ಜೊತೆ ಬರಬೇಕು, ಮಾತಿಲ್ಲ ಎಂದುಬಿಟ್ಟಳು ನನ್ನ ನಾದಿನಿ.

"ಅವಳ ಮನೆ ಅರಮನೆ ಹಾಗಿದೆಯಮ್ಮ," ಎಂದರು ಚಿಕ್ಕತ್ತೆ, ಬ್ಯಾಂಡೇಜಿನ ಅಂಚನ್ನು ನೇವರಿಸುತ್ತ. "ಆದ್ರೆ ಅಲ್ಲಿಗೆ ಹೋದ್ರೆ ನಾನು ಕುರುಡಿ ಆಗ್ತೀನಿ. ಇಲ್ಲಿ ಇನ್ನೂ ಆಗಿಲ್ಲ."

ಅದಾಗಿ ಕೆಲವು ತಿಂಗಳಿಗೆ ಗರಾಜಿನಲ್ಲಿ ಕಲ್ಲು ಕೊನೆಗೂ ಸೀಳಿತ್ತು. ಪದಕವೆಂದು ಶುರುವಾದದ್ದು ಯಾಕೋ ಸೊಂಟಪಟ್ಟಿಯಾಗಿತ್ತು. ರಾಜರ ಚಿತ್ತ, ಕೇಳುವವರಾರು? ಹಳೆಯ ಬೆಲ್ಟಿಗೆ ಹಸಿರು ಕಲ್ಲಿನ ಮೂರು ತೆಳು ಫಲಕಗಳನ್ನು ಒತ್ತೊತ್ತಾಗಿ ಇಳಿಬಿಟ್ಟು, ಸ್ವೆಟರಿನ ಮೇಲೆ ಕಟ್ಟಿಕೊಂಡು ಬಂದರು. ಹೆಜ್ಜೆ ಇಟ್ಟರೆ ಟಿಣ್, ಟಿಣ್.

"ಮಾಯಾ ರಾಜ ನಡೆದು ಬಂದ್ರೆ ಹೀಗೇ ಸದ್ದಾಗ್ತಿತ್ತಂತೆ. ರಾಜ ಬರೋದು ಪ್ರಜೆಗೆ ಕಿವಿಯಿಂದ ಗೊತ್ತಾಗ್ಬೇಕು, ತಿಳೀತೇನಮ್ಮಾ?"

ನನಗೆ ತಿಳಿಯದೇ ಏನು! ಕಾನ್ವೆಂಟಿನಲ್ಲಿ ನಮ್ಮ ಹೆಡ್ ಸಿಸ್ಟರ್ ಸೊಂಟದಿಂದ ಜಪಮಾಲೆ ಇಳಿಬಿಟ್ಟಿರುತ್ತಿದ್ದರು. ವರಾಂಡದ ಆ ತುದಿಯಲ್ಲಿ ಮಣಿ ಕಿಣಿಗುಟ್ಟಿದರೆ ಈ ತುದಿಯಲ್ಲಿ ನಾವು ಹುಣಿಸೆಹಣ್ಣನ್ನು ಬೀಜ ಸಮೇತ ನುಂಗುತ್ತಿದ್ದೆವು. ಅಧಿಕಾರಕ್ಕೆ ಸದ್ದಿರುತ್ತದೆ ಎಂದು ನನ್ನ ಹೊಟ್ಟೆಗೇ ಗೊತ್ತು.

ಚಿಕ್ಕತ್ತೆಯ ವ್ಯಾಖ್ಯಾನ ಬೇರೆ. "ನಮ್ಮೂರಲ್ಲಿ ತಪ್ಪಿಸಿಕೊಳ್ಳೋ ಹಸುಗೆ ಹೀಗೇ ಗಂಟೆ ಕಟ್ತಿದ್ರು."

ಸೊಂಟಪಟ್ಟಿ ಮನೆಯಲ್ಲೇ ಇದ್ದರೆ ಸರಿ, ದೇವಸ್ಥಾನಕ್ಕೂ ಬಂತು. ಚಿಕ್ಕತ್ತೆಯ ಪಕ್ಕದಲ್ಲೇ ಚಿಕ್ಕಮಾವನ ಪ್ರದಕ್ಷಿಣೆ, ಟಿಣ್ ಟಿಣ್. ಯಾರೋ ಗಂಟೆ ಆಡಿಸಿದರೆಂದುಕೊಂಡು ಅರ್ಚಕರು ಆರತಿಯನ್ನು ಮುಂಚೆಯೇ ಎತ್ತಿಬಿಟ್ಟರು. ಭಕ್ತಾದಿಗಳು ಕೈ ಮುಗಿದು ಎದ್ದು ನಿಂತರು. ನನ್ನ ಮಗಳು ನನ್ನ ಸೆರಗೆಳೆದು, "ಅಮ್ಮಾ, ಈಸ್ ತಾತಾ ಅ ರೇನ್‌ಡೀರ್?" ಎಂದು ಕೇಳಿದಳು, ಕ್ರಿಸ್‌ಮಸ್ಸಿನ ಗಂಟೆ ಕಟ್ಟಿದ ಜಿಂಕೆ ನೆನಪಾಗಿ. ಚಿಕ್ಕಮಾವ ಮಾತ್ರ ಗಂಭೀರವಾಗಿ ನನ್ನ ಕಡೆ ಬಾಗಿ, "ನೋಡಿದ್ಯಾ? ಕಲ್ಲಿನ ಮಹಿಮೆ," ಎಂದರು.

ನಾನು ನಕ್ಕರೂ ಒಳಗೊಳಗೇ ಅಳುಕು. ತಾಯಿಗೆ ಕಣ್ಣಿಲ್ಲ, ತಂದೆಗೆ ಬುದ್ಧಿಯಿಲ್ಲ ಎಂದು ನಾದಿನಿ ತೀರ್ಮಾನಿಸಲು ಇನ್ನೇನು ಬೇಕು?

ಸ್ಯಾನ್ ಹೋಸೆಯಿಂದ ನಾದಿನಿ ಬಂದಳು. ಬಾಗಿಲಲ್ಲೇ ಸೂಟ್‌ಕೇಸು ಹಿಡಿದುಕೊಂಡೇ ಅಪ್ಪನ ಸೊಂಟ ನೋಡಿದಳು.

"ಅಪ್ಪಾ, ವಾಟ್ ಈಸ್ ದಟ್?"

"ರಾಜಚಿಹ್ನೆ ಕಣೇ."

"ಅಮ್ಮಂಗೆ ಕಣ್ಣು ಕಾಣಿಸ್ತಿಲ್ಲ, ನೀನು ಫ್ಯಾನ್ಸಿ ಡ್ರೆಸ್ ಹಾಕೊಂಡಿದೀಯಾ? ತೆಗಿ ಅಪ್ಪಾ, ಪ್ಲೀಸ್."

ಚಿಕ್ಕಮಾವ ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಬೆಲ್ಟ್ ಬಿಚ್ಚಿ, ಜಾಕೆಟ್ಟುಗಳ ಪಕ್ಕದ ಕೊಕ್ಕೆಗೆ ನೇತುಹಾಕಿದರು. ಅವರು ಉಪನ್ಯಾಸ ಕೊಡದೆ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಊಟಕ್ಕೆ ನಾನು ಹುಳಿಯನ್ನ ಕಟ್ಟಿಕೊಂಡು ಹೋದೆ. ಮನೆ ಯಾಕೋ ದೊಡ್ಡದಾದಂತಿತ್ತು. ನಾದಿನಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಸ್ಯಾನ್ ಹೋಸೆಯ ಕಣ್ಣಿನ ಡಾಕ್ಟರುಗಳನ್ನು ಹುಡುಕುತ್ತಿದ್ದಳು. ಒಳಗೆ ಒಗ್ಗರಣೆ ಚಟಪಟಿಸಿತು. ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿದ ಚಿಕ್ಕತ್ತೆ, ಎಂದಿನಂತೆ ಹೆಜ್ಜೆ ಇಡಲಿಲ್ಲ. ನಿಂತರು.

"ರೀ, ಎಲ್ಲಿದೀರಾ?"

ಚಿಕ್ಕಮಾವ ಅವರ ಮುಂದೆಯೇ ಇದ್ದರು, ನೀರು ಕುಡಿಯಲು ಬಂದವರು. ಉತ್ತರವಾಗಿ ಅಭ್ಯಾಸಬಲದಿಂದ ಸೊಂಟವನ್ನು ಮೆಲ್ಲಗೆ ಆಡಿಸಿದರು.

ಸದ್ದಾಗಲಿಲ್ಲ.

"ರೀ?" ಎಂದರು ಚಿಕ್ಕತ್ತೆ ಮತ್ತೆ. ಹಬೆಯಾಡುವ ಪಾತ್ರೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಸರಿದರು.

"ಇಲ್ಲೇ ಇದೀನಿ ಕಣೇ. ಇರು, ಪಕ್ಕಕ್ಕೆ ಬರ್ತೀನಿ."

ನಾನು ನಾದಿನಿಯ ಮುಖ ನೋಡಿದೆ. ಅವಳು ಅಪ್ಪನ ಸೊಂಟವನ್ನೇ ನೋಡುತ್ತಿದ್ದಳು. ಲ್ಯಾಪ್‌ಟಾಪ್ ಮುಚ್ಚಿ, ಎದ್ದು ಹೋಗಿ, ಕೊಕ್ಕೆಯಿಂದ ಬೆಲ್ಟ್ ತಂದಳು. ಅಪ್ಪನ ಸುತ್ತ ಕೈ ಬಳಸಿ ಕಟ್ಟತೊಡಗಿದಳು.

ಚಿಕ್ಕಮಾವನಿಗೆ ತಡೆದುಕೊಳ್ಳಲಾಗಲಿಲ್ಲ. "ಮಾಯಾ ಜನರ ಒಂದು ಕೆತ್ತನೆಯಲ್ಲಿ ಪಟ್ಟ ಕಟ್ಟೋವಾಗ ತಾಯಿನೇ ಮಗನಿಗೆ ಕಿರೀಟ ಕೊಡ್ತಾಳೆ. ಮಗಳು ಅಪ್ಪನಿಗೆ ಕೊಟ್ಟಿದ್ದು ನಾನೆಲ್ಲೂ ನೋಡಿಲ್ಲ," ಎಂದರು.

"ಸುಮ್ನೆ ನಿಂತ್ಕೋ ಅಪ್ಪಾ. ಬಕಲ್ ಸಿಗ್ತಿಲ್ಲ." ಅವಳಿಗೂ ಕಣ್ಣು ಮಂಜಾಗಿತ್ತು, ಬಕಲ್ ಎಲ್ಲಿ ಸಿಗಬೇಕು?

ಟಿಣ್ ಎಂದಿತು. ಚಿಕ್ಕತ್ತೆ ತಲೆ ಕೊಂಚ ವಾರೆ ಮಾಡಿ ಆಲಿಸಿದರು, ಥೇಟ್ ಗಂಡನ ಹಾಗೆಯೇ.

"ಬಂದ್ರಾ ಮಹಾರಾಜರು? ಎಡಕ್ಕೆ ನಿಂತಿದೀರಾ. ಹಾಗೇ ಇರಿ, ಸಾರು ಬರ್ತಿದೆ."

ಎಂದು, ಯಾರ ತೋಳನ್ನೂ ಹಿಡಿಯದೆ, ಒಂದು ಹನಿಯನ್ನೂ ಚೆಲ್ಲದೆ, ರಾಜರನ್ನು ಬಳಸಿಕೊಂಡು ಬಂದು ಪಾತ್ರೆಯನ್ನು ಮೇಜಿನ ಮೇಲಿಟ್ಟರು.

ನಾದಿನಿ ಸ್ಯಾನ್ ಹೋಸೆಗೆ ಒಬ್ಬಳೇ ವಾಪಸು ಹೋದಳು. ಈಗಲೂ ಫೋನು ಮಾಡಿದಾಗಲೆಲ್ಲ ಅವಳ ಮೊದಲ ಪ್ರಶ್ನೆ ಒಂದೇ: "ಅಮ್ಮಾ, ಅಪ್ಪ ಎಲ್ಲಿ?" ಚಿಕ್ಕತ್ತೆ ಬಾಯಲ್ಲಿ ಉತ್ತರ ಹೇಳುವುದಿಲ್ಲ. ಫೋನನ್ನು ಕಿವಿಯಿಂದ ತೆಗೆದು, ಮನೆಯ ಒಳಗಡೆಗೆ ಹಿಡಿಯುತ್ತಾರೆ.